ಹಳೇ ಲೋಡರ್‌ನ ಸ್ಟೇರಿಂಗ್ ಬಿಗಿಯಾದರೆ ಪ್ರೆಶರ್ ಗೇಜ್ ಇಲ್ಲದ ಮಿಸ್ತ್ರಿ ಕೈಗೆ ಕೊಡಬೇಡಿ

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಸಂಡೂರು ಕಡೆ ಎಷ್ಟೋ ಮಷಿನ್‌ಗಳು ಬಯಲಲ್ಲೇ ನಿಂತುಬಿಟ್ಟವು. ಆಮೇಲೆ ಕೈಯಿಂದ ಕೈಗೆ ಮಾರಾಟವಾಗಿ ಕ್ರಷರ್, ಕ್ವಾರಿಗಳಿಗೆ ಬಂದವು. ಕುಷ್ಟಗಿ ಹತ್ತಿರ ನಮ್ಮ ಕ್ರಷರ್‌ನಲ್ಲಿರುವ ವ್ಹೀಲ್ ಲೋಡರ್ ಅಂಥದ್ದೇ. ನಡುವಿನ ಕೀಲಿನಲ್ಲಿ ಮಡಚಿ ತಿರುಗುವ ಜಾತಿಯದು. ಎಂಜಿನ್, ಗೇರ್ ಎಲ್ಲ ಗಟ್ಟಿ. ಆದರೆ ಮಧ್ಯಾಹ್ನ ಆಯಿಲ್ ಕಾದಮೇಲೆ ಬಕೆಟ್ ತುಂಬಿಕೊಂಡು ತಿರುಗಿಸಲು ಹೋದರೆ ಸ್ಟೇರಿಂಗ್ ಬಿಗಿ.

ಹೊಸಪೇಟೆ ಕಡೆಯ ಒಂದು ವರ್ಕ್‌ಶಾಪ್‌ಗೆ ಕೊಟ್ಟೆವು; ಹೆಸರು ಬೇಡ. ಅಲ್ಲಿನ ಮಿಸ್ತ್ರಿ ಸ್ಟೇರಿಂಗಿಗೆ ಆಯಿಲ್ ತಳ್ಳುವ ಪಂಪಿಗೆ ಸ್ಕ್ರೂಡ್ರೈವರ್ ಹಚ್ಚಿ ಕಿವಿಗೊಟ್ಟು ಕೇಳಿ, "ಪಂಪ್ ಹೋಗೇತ್ರಿ ಸಾವ್ಕಾರ್ರ" ಅಂದ. ರಿಪೇರಿ ಮಾಡಿದ ಬೇರೆ ಪಂಪ್ ಹಾಕಿದ. ಬೆಳಿಗ್ಗೆ ಚೆನ್ನಾಗಿತ್ತು, ಮಧ್ಯಾಹ್ನ ಅದೇ ಹಾಡು. ಆಮೇಲೆ ರಿಲೀಫ್ ವಾಲ್ವ್‌ನ ಸ್ಕ್ರೂ ಬಿಗಿದು, "ಪ್ರೆಶರ್ ಏರಿಸೀನ್ರಿ, ಇನ್ನ ಏನೂ ಚಿಂತಿ ಇಲ್ಲ" ಅಂದ. ಎಷ್ಟಿತ್ತು, ಎಷ್ಟಾಯಿತು ಅಂತ ಕೇಳಿದರೆ ಉತ್ತರವಿಲ್ಲ. ಗೇಜೇ ಇರಲಿಲ್ಲ! ಪ್ರೆಶರ್ ಮಿತಿ ಮೀರಿದರೆ ಆಯಿಲನ್ನು ವಾಪಸ್ ಟ್ಯಾಂಕಿಗೆ ಬಿಟ್ಟು ಹೋಸ್, ಸೀಲ್ ಉಳಿಸೋಕೆ ಇಟ್ಟ ವಾಲ್ವ್ ಅದು. ಒಳಗೆಲ್ಲೋ ಆಯಿಲ್ ಸೋರುತ್ತಿದ್ದರೆ ಅದನ್ನು ಬಿಗಿದು ಏನೂ ಸಿಗುವುದಿಲ್ಲ. ಸ್ವಲ್ಪ ದಿನದಲ್ಲೇ ಹೋಸ್ ಒಡೆದು ಬಿಸಿ ಆಯಿಲ್ ಆಪರೇಟರ್ ಹತ್ತುವ ಏಣಿ ಪಕ್ಕ ಚಿಮ್ಮಿತು. ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ.

ಆ ಮಿಸ್ತ್ರಿ ಮೂರನೆಯದಾಗಿ ಕೈ ಹಾಕಿದ್ದು ಆರ್ಬಿಟ್ರಾಲಿಗೆ. ಈ ಮಷಿನ್‌ಗಳಲ್ಲಿ ಸ್ಟೇರಿಂಗ್ ಚಕ್ರಕ್ಕೂ ಟೈರಿಗೂ ನಡುವೆ ರಾಡ್ ಸಂಪರ್ಕ ಇರುವುದಿಲ್ಲ, ಇರುವುದು ಆಯಿಲ್ ಒಂದೇ. ಚಕ್ರ ತಿರುಗಿಸಿದಷ್ಟು ಆಯಿಲನ್ನು ಅಳೆದು, ಮಷಿನ್ ಮಡಚುವ ಸಿಲಿಂಡರಿಗೆ ಕಳಿಸುವುದು ಆರ್ಬಿಟ್ರಾಲ್ ಕೆಲಸ. ಒಳಗೆ 7 ಗುಳಿಯ ಹೊರಬಳೆ, ಅದರೊಳಗೆ 6 ಹಲ್ಲಿನ ರೋಟರ್, ಜೊತೆಗೆ ಆಯಿಲಿನ ದಾರಿ ತೆರೆದು ಮುಚ್ಚುವ ಸ್ಪೂಲ್, ಸ್ಲೀವ್, ಪಿನ್ನಿಗೆ ಕೂರುವ ಚಿಕ್ಕ ಶಾಫ್ಟ್. ಆ ಶಾಫ್ಟಿನ ಸೀಳೂ ರೋಟರಿನ ಹಲ್ಲುಗಳ ನಡುವಿನ ಗುಳಿಯೂ ಮ್ಯಾನ್ಯುಯಲ್‌ನಲ್ಲಿ ತೋರಿಸಿದಂತೆ ಕೂರಬೇಕು. ತಪ್ಪಿ ಕೂತರೆ ಆಯಿಲ್ ತಪ್ಪು ಹೊತ್ತಿಗೆ ತಪ್ಪು ದಾರಿಗೆ ಹೋಗಿ ಆರ್ಬಿಟ್ರಾಲೇ ಮೋಟರ್ ಆಗಿಬಿಡುತ್ತದೆ. ಈತ ಅದನ್ನು ಗೋಣಿಚೀಲದ ಮೇಲೆ, ಗಾಳಿ-ಮಣ್ಣಿನ ನಡುವೆ, ಒಂದು ಗುರುತೂ ಹಾಕದೆ ಬಿಚ್ಚಿದ. ಹಾಗೇ ಜೋಡಿಸಿದ.

ಎಂಜಿನ್ ಚಾಲೂ ಮಾಡಿದ ತಕ್ಷಣ ಸ್ಟೇರಿಂಗ್ ಚಕ್ರ ತಾನಾಗಿಯೇ ಗಿರಗಿರ ತಿರುಗಿತು. ಆಪರೇಟರ್ ಕೈ ಚಕ್ರದೊಳಗಿದ್ದಿದ್ದರೆ ಮೂಳೆ ಮುರಿಯುತ್ತಿತ್ತು. ಮಷಿನ್ ಎಡಕ್ಕೆ ಮಡಚತೊಡಗಿತು. ನಡುವಿನ ಕೀಲಿನ ಹತ್ತಿರ ಹೋಸ್ ಬಿಗಿಯುತ್ತಿದ್ದ ಹುಡುಗ ಆಗಷ್ಟೇ ಸ್ಪ್ಯಾನರ್ ತರಲು ಹೊರಗೆ ಬಂದಿದ್ದ. ಆಪರೇಟರ್ ಸ್ಟಾಪ್ ವಾಯರ್ ಎಳೆದ. ನಡು ಮಡಚದಂತೆ ತಡೆಯುವ ಸ್ಟೇರಿಂಗ್ ಲಾಕ್ ಬಾರ್ ಮಷಿನ್ನಿನ ಮೈಯಲ್ಲೇ ನೇತಾಡುತ್ತಿತ್ತು. ಹಾಕಿ ಅಂದಿದ್ದಕ್ಕೆ ಮಿಸ್ತ್ರಿ, "ಒಂದ್ ನಿಮಿಷದ ಕೆಲಸಕ್ಕ ಅದ್ಯಾಕ್ರಿ" ಅಂದಿದ್ದ. ಒಬ್ಬರು ನಡುವೆ ಕೈ ಹಾಕಿದ್ದರೂ ಎಂಜಿನ್ ಬಂದ್ ಇರಬೇಕು, ಲಾಕ್ ಬಿದ್ದಿರಬೇಕು. ಲಾಕ್ ತೆಗೆದು ಟೆಸ್ಟ್ ಮಾಡುವಾಗ ಆ ಜಾಗದಲ್ಲಿ ಮನುಷ್ಯನ ನೆರಳೂ ಬೀಳಬಾರದು. ಹಳೇ ಮಷಿನ್ ಕೊಳ್ಳುವವರು ಆ ಬಾರ್ ಇದೆಯೋ ಇಲ್ಲವೋ ಮೊದಲು ನೋಡಿ. ಎಷ್ಟೋ ಕಡೆ ಗುಜರಿಗೆ ಹೋಗಿರುತ್ತದೆ.

ಕೊನೆಗೆ ಗಂಗಾವತಿಯಿಂದ ಇನ್ನೊಬ್ಬ ಮಿಸ್ತ್ರಿ ಗೇಜ್ ಸಮೇತ ಬಂದರು. ಆರ್ಬಿಟ್ರಾಲ್ ತೊಳೆದು ಸರಿಯಾಗಿ ಕೂರಿಸಿ, ರಿಲೀಫನ್ನು ಮ್ಯಾನ್ಯುಯಲ್ ಪ್ರಕಾರ ಇಳಿಸಿದರು. ಆಮೇಲೆ ಎರಡೂ ಸಿಲಿಂಡರಿನ ಲೈನ್ ಬಿಚ್ಚಿ ಪ್ಲಗ್ ಹಾಕಿ ನೋಡಿದರೆ ಪ್ರೆಶರ್ ಸರಿ. ಅಂದರೆ ಪಂಪೂ ಆರ್ಬಿಟ್ರಾಲೂ ಗಟ್ಟಿ. ಬಲ ಸಿಲಿಂಡರ್ ಜೋಡಿಸಿದಾಗಲೂ ಸರಿ. ಎಡದ್ದು ಜೋಡಿಸಿದೊಡನೆ ಗೇಜಿನ ಮುಳ್ಳು ಕೆಳಗೆ ಬಿತ್ತು. ವರ್ಷಗಟ್ಟಲೆ ಬಯಲಲ್ಲಿ ನಿಂತು ಅದರ ರಾಡಿನ ಕ್ರೋಮ್ ತುಕ್ಕು ಹಿಡಿದು ಗುಳಿ ಬಿದ್ದಿತ್ತು. ಅದು ರಾಡಿನ ಮಣ್ಣು ಒರೆಸುವ ವೈಪರ್ ಸೀಲ್ ಹರಿದು, ಒಳಹೋದ ಮಣ್ಣು ಪಿಸ್ಟನ್ ಸೀಲನ್ನು ತಿಂದಿತ್ತು. ಆಯಿಲ್ ಕಾದು ತೆಳ್ಳಗಾದಾಗ ಸೋರಿಕೆ ಜಾಸ್ತಿ, ಅದಕ್ಕೇ ಮಧ್ಯಾಹ್ನದ ಬಿಗಿ. ರಾಡಿಗೆ ಮತ್ತೆ ಕ್ರೋಮ್ ಮಾಡಿಸಿ ಸೀಲ್ ಕಿಟ್ ಹಾಕಿದೆವು, ಅಷ್ಟೇ. ನಿಂತ ಮಷಿನ್ ಕೊಳ್ಳುವಾಗ ಪೇಂಟ್ ನೋಡಬೇಡಿ, ರಾಡಿನ ಮೇಲೆ ಉಗುರು ಎಳೆದು ನೋಡಿ. ಅದೂ ಎಂಜಿನ್ ಬಂದ್ ಇದ್ದಾಗ. ಚಾಲೂ ಇರುವಾಗ ಸೋರಿಕೆ ಹುಡುಕಲು ಹೋಸ್ ಮೇಲೆ ಕೈಯಾಡಿಸಬೇಡಿ, ರಟ್ಟು ಹಿಡಿಯಿರಿ. ಸೂಜಿಯಷ್ಟು ತೂತಿನ ಆಯಿಲ್ ಚರ್ಮದೊಳಗೆ ನುಗ್ಗಿದರೆ ನೋವು ಕಮ್ಮಿ ಅಂತ ಕೂರದೆ ಆಗಲೇ ಆಸ್ಪತ್ರೆಗೆ ಓಡಬೇಕು.

ಮೊದಲ ವರ್ಕ್‌ಶಾಪಿಗೆ ಪಂಪಿನ ದುಡ್ಡು ಕೇಳಲು ಹೋದರೆ, "ಹಾಕಿದ ಪಾರ್ಟ್ ವಾಪಸ್ ತಗೊಳಂಗಿಲ್ರಿ" ಎಂಬ ಉತ್ತರ. ನಮ್ಮ ಹಳೇ ಪಂಪ್ ಎಲ್ಲಿ ಅಂದರೆ ಗುಜರಿಗೆ ಹೋಯಿತಂತೆ. ಏನೂ ಆಗದಿದ್ದ ಅದೇ ಪಂಪ್ ಯಾರಿಗೋ ರಿಪೇರಿ ಪಂಪ್ ಅಂತ ಮಾರಾಟವಾಗಿದೆ ಅಂತ ನನ್ನ ಅನುಮಾನ. ಬಿಚ್ಚಿದ ಪಾರ್ಟು ಕೆಟ್ಟಿರಲಿ ಬಿಡಲಿ, ಅವತ್ತೇ ನಿಮ್ಮ ಗಾಡಿಯಲ್ಲಿ ಹೇರಿಕೊಂಡು ಬನ್ನಿ.