ಒಂದೇ ಟೂಲ್, ಬೇರೆ ಬೇರೆ ಲಾಂಚ್: ಜನ ಎಲ್ಲಿಂದ ಬಂದರು, ಬ್ಯಾಕ್‌ಲಿಂಕ್ ಎಲ್ಲಿಂದ ಬಂತು?

ಹೊಸ ಪ್ರಾಡಕ್ಟ್ ಲಾಂಚ್ ಮಾಡುವವರಿಗೆ ಬೇಕಾದದ್ದು ಎರಡು. ಜನ ನೋಡಬೇಕು, ಗೂಗಲ್ಲೂ ನೋಡಬೇಕು. ಗೂಗಲ್ ನೋಡಬೇಕಾದರೆ ಬ್ಯಾಕ್‌ಲಿಂಕ್, ಅಂದರೆ ಬೇರೆ ಸೈಟುಗಳಿಂದ ನಮ್ಮ ಸೈಟಿಗೆ ಬರುವ ಕೊಂಡಿ, ಬೇಕು. ಸಲಹೆ ಕೊಡುವವರು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ, ಒಂದು ಕಡೆ ಹಾಕಿದರೆ ಎರಡೂ ಕೈಗೆ ಬರುತ್ತದೆ ಅನ್ನುವ ಹಾಗೆ. ನಾನು ಒಂದೇ ಟೂಲನ್ನು ಪ್ರಾಡಕ್ಟ್ ಹಂಟ್, ಹ್ಯಾಕರ್ ನ್ಯೂಸ್, ರೆಡ್ಡಿಟ್, ಆಲ್ಟರ್ನೇಟಿವ್‌ಟು, ಜೊತೆಗೆ ಒಂದಷ್ಟು ಸಣ್ಣ ಲಾಂಚ್ ಸೈಟುಗಳಲ್ಲಿ ಹಾಕಿ ನೋಡಿದೆ. ಜನ ಬಂದ ದಾರಿ ಬೇರೆ, ಲಿಂಕ್ ಬಂದ ದಾರಿ ಬೇರೆ. ಬ್ಯಾಕ್‌ಲಿಂಕ್ ಕೊಡುತ್ತೇವೆ ಅಂತಲೇ ಬೋರ್ಡು ಹಾಕಿಕೊಂಡ ಸೈಟುಗಳಿಂದ ಜನವೂ ಬರಲಿಲ್ಲ, ಉಪಯೋಗಕ್ಕೆ ಬರುವ ಲಿಂಕೂ ಬರಲಿಲ್ಲ.

ಟೂಲ್ ಯಾವುದು ಅಂತ ಮೊದಲು ಹೇಳಬೇಕು, ಯಾಕೆಂದರೆ ಅದು ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ. ಒಂದು ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಡೇಟಾ ಪಟ್ಟಿ) ಎಳೆದು ಹಾಕಿದರೆ, ಅದರಲ್ಲಿ ಎರಡೆರಡು ಸಲ ಬಂದಿರುವ ಸಾಲುಗಳನ್ನೂ ಕೆಟ್ಟುಹೋದ ತಾರೀಖುಗಳನ್ನೂ ಹುಡುಕಿ ತೋರಿಸುತ್ತದೆ. ಕೆಲಸವೆಲ್ಲ ಬ್ರೌಸರ್ ಒಳಗೇ ನಡೆಯುತ್ತದೆ. ಸೈನಪ್ ಬೇಡ. ದೊಡ್ಡ ಫೈಲುಗಳಿಗೆ ಮಾತ್ರ ದುಡ್ಡು. ಮೊದಲ ಪರದೆಯಲ್ಲಿ ಇರುವುದು ಎರಡೇ: ನಿಮ್ಮ ಫೈಲ್ ಹಾಕುವ ಜಾಗ, ಅದರ ಕೆಳಗೆ ‘ಸ್ಯಾಂಪಲ್ ಫೈಲ್ ನೋಡಿ’ ಅನ್ನುವ ಬಟನ್. ಎಲ್ಲಿಂದ ಬಂದವರು ಈ ಪರದೆ ಮುಂದೆ ಏನು ಮಾಡಿದರು ಅನ್ನುವುದೇ ನನಗೆ ಸಿಕ್ಕ ಒಳ್ಳೆಯ ಅಳತೆಗೋಲು. ಬರೀ ವಿಸಿಟರ್ ಸಂಖ್ಯೆ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಪ್ರಾಡಕ್ಟ್ ಹಂಟ್‌ನಿಂದ ಶುರು ಮಾಡೋಣ, ಎಲ್ಲರೂ ಅಲ್ಲಿಂದಲೇ ತಾನೇ ಶುರು ಮಾಡುವುದು. ಹೊಸ ಪ್ರಾಡಕ್ಟುಗಳಿಗೆ ಜನ ಅಪ್‌ವೋಟ್ (ಮೆಚ್ಚುಗೆಯ ವೋಟು) ಹಾಕುವ ಸೈಟು ಅದು. 2013ರಲ್ಲಿ ರಯಾನ್ ಹೂವರ್ ಒಂದು ಇಮೇಲ್ ಪಟ್ಟಿಯಾಗಿ ಆರಂಭಿಸಿದ್ದು, 2016ರಲ್ಲಿ ಏಂಜೆಲ್‌ಲಿಸ್ಟ್ ಕಂಪನಿಯ ಕೈಗೆ ಹೋಯಿತು. ಅಲ್ಲಿ ದಿನ ಶುರುವಾಗುವುದು ಅಮೆರಿಕದ ಪೆಸಿಫಿಕ್ ಸಮಯದ ರಾತ್ರಿ 12:01ಕ್ಕೆ. ಅಂದು ಲಾಂಚ್ ಆದವರೆಲ್ಲ ಆ ಒಂದು ದಿನದ ಪಟ್ಟಿಯಲ್ಲಿ ಪೈಪೋಟಿಗೆ ನಿಲ್ಲುತ್ತಾರೆ. ತಯಾರಿ ಜಾಸ್ತಿ ಬೇಕು. 60 ಅಕ್ಷರದೊಳಗೆ ಟ್ಯಾಗ್‌ಲೈನ್ ಬರೆಯಬೇಕು, 1270×760 ಅಳತೆಯ ಚಿತ್ರಗಳನ್ನು ಮಾಡಬೇಕು, ಮೇಕರ್ (ಅಂದರೆ ಪ್ರಾಡಕ್ಟ್ ಮಾಡಿದವರು) ಆಗಿ ಮೊದಲ ಕಾಮೆಂಟ್ ಸಿದ್ಧ ಇಟ್ಟುಕೊಳ್ಳಬೇಕು. ಇಷ್ಟೆಲ್ಲ ಮಾಡಿದರೂ ಹೋಮ್‌ಪೇಜಿನಲ್ಲಿ ಕಾಣಿಸಬೇಕಾದರೆ ಅವರ ತಂಡ ನಿಮ್ಮನ್ನು ‘ಫೀಚರ್ಡ್’ ಅಂತ ಆರಿಸಬೇಕು. ಆರಿಸದಿದ್ದರೆ ‘ಆಲ್’ ಅನ್ನುವ ಟ್ಯಾಬಿನ ಒಳಗೆ ಕೂರಬೇಕು. ಅಲ್ಲಿಗೆ ಹೋಗಿ ನೋಡುವವರು ಕಡಿಮೆ.

ನನ್ನದು ಫೀಚರ್ ಆಯಿತು. ಜನವೂ ಬಂದರು. ಆದರೆ ಬಂದವರಲ್ಲಿ ಹೆಚ್ಚಿನವರು ಸ್ಯಾಂಪಲ್ ಬಟನ್ ಒತ್ತಿದರು, ಬಣ್ಣ ಬಣ್ಣದ ಸಾಲು ನೋಡಿದರು, ಚೆನ್ನಾಗಿದೆ ಅಂತ ಬರೆದು ಹೋದರು. ಸ್ವಂತ ಫೈಲ್ ಹಾಕಿದವರು ತೀರಾ ಕಡಿಮೆ. ಅದರಲ್ಲಿ ಅವರ ತಪ್ಪೇನಿಲ್ಲ. ಅಲ್ಲಿ ಓಡಾಡುವವರು ತಾವೂ ಏನೋ ಕಟ್ಟುತ್ತಿರುವವರು, ಬೇರೆಯವರ ಲಾಂಚ್ ಹೇಗಿದೆ ಅಂತ ನೋಡಲು ಬಂದವರು. ಕೆಟ್ಟ ಸಿಎಸ್‌ವಿ ಹಿಡಿದುಕೊಂಡು ತಲೆ ಚಚ್ಚಿಕೊಳ್ಳುತ್ತಿರುವ ಮನುಷ್ಯ ಅಲ್ಲಿ ಇರುವುದೇ ಇಲ್ಲ. ನಿಮ್ಮ ಗಿರಾಕಿಗಳೇ ಸ್ಟಾರ್ಟಪ್ ಮಾಡುವವರಾದರೆ ಮಾತು ಬೇರೆ.

ಆವತ್ತು ನನ್ನ ಇನ್‌ಬಾಕ್ಸ್ ನೋಡಬೇಕಿತ್ತು. ಮೊದಲ ಸಾಲಿನಲ್ಲಿ ‘ಲಾಂಚಿಗೆ ಅಭಿನಂದನೆ’, ಎರಡನೇ ಸಾಲಿನಲ್ಲೇ ಅಪ್‌ವೋಟಿನ ರೇಟು. ಟಾಪ್ ಐದರೊಳಗೆ ತರುತ್ತೇವೆ, ದುಡ್ಡು ಆಮೇಲೆ ಕೊಟ್ಟರೂ ಸಾಕು ಅಂತ ಒಬ್ಬರು. ಅಪ್‌ವೋಟ್ ಕೇಳುವುದೇ ಅಲ್ಲಿನ ನಿಯಮಕ್ಕೆ ವಿರುದ್ಧ, ಬಂದು ನೋಡಿ ಅನ್ನಬಹುದು ಅಷ್ಟೇ. ಹೀಗಿರುವಾಗ ದುಡ್ಡು ಕೊಟ್ಟು ವೋಟ್ ಕೊಳ್ಳುವುದು ಸುಮ್ನೆ ಅಕೌಂಟಿಗೆ ಕುತ್ತು ತಂದುಕೊಳ್ಳುವ ಕೆಲಸ.

ಹಾಗಂತ ಪ್ರಾಡಕ್ಟ್ ಹಂಟ್ ದಂಡ ಅನ್ನಲಾರೆ. ನನ್ನ ಡೊಮೈನ್ ಹೊಚ್ಚ ಹೊಸದು. ಟೂಲಿನ ಹೆಸರು ಹಾಕಿ ಹುಡುಕಿದರೆ ಗೂಗಲ್‌ನಲ್ಲಿ ಬಹಳ ದಿನ ಪ್ರಾಡಕ್ಟ್ ಹಂಟ್ ಪುಟವೇ ಮೇಲೆ ಬರುತ್ತಿತ್ತು, ನನ್ನ ಸೈಟು ಅದರ ಕೆಳಗೆ. ಹೆಸರು ಕೇಳಿ ಹುಡುಕುವವರಿಗೆ ಏನಾದರೂ ಸಿಗುತ್ತದಲ್ಲ, ಅದೇ ಲಾಭ.

ಈಗ ಹ್ಯಾಕರ್ ನ್ಯೂಸ್, ತಂತ್ರಜ್ಞಾನದವರು ಲಿಂಕ್ ಹಾಕಿ ಚರ್ಚೆ ಮಾಡುವ ಸೈಟು. 2007ರಲ್ಲಿ ಪಾಲ್ ಗ್ರಹಾಂ ಶುರು ಮಾಡಿದ್ದು, ಸ್ಟಾರ್ಟಪ್‌ಗಳಿಗೆ ಬಂಡವಾಳ ಹಾಕುವ ವೈ ಕಾಂಬಿನೇಟರ್ ನಡೆಸುತ್ತದೆ. ಚಿತ್ರ ಇಲ್ಲ, ವಿಡಿಯೋ ಇಲ್ಲ, ಕಿತ್ತಳೆ ಪಟ್ಟಿಯ ಕೆಳಗೆ ಬರೀ ಶೀರ್ಷಿಕೆಗಳು. ನಾವೇ ಮಾಡಿದ್ದನ್ನು ತೋರಿಸುವುದಾದರೆ ಶೀರ್ಷಿಕೆಯ ಮುಂದೆ ‘ಶೋ ಎಚ್‌ಎನ್’ ಅಂತ ಹಾಕಬೇಕು. ನಿಯಮ ಖಡಕ್ಕು: ಜನ ಕೈಯಾರೆ ಬಳಸಿ ನೋಡುವಂಥದ್ದು ಇರಬೇಕು. ಬರೀ ಲ್ಯಾಂಡಿಂಗ್ ಪೇಜ್ (ಪ್ರಾಡಕ್ಟಿನ ಪರಿಚಯ ಪುಟ), ‘ಶೀಘ್ರದಲ್ಲೇ ಬರಲಿದೆ’ ಪುಟ, ಇಮೇಲ್ ಕೇಳುವ ಪುಟ ಇವೆಲ್ಲ ನಡೆಯುವುದಿಲ್ಲ. ಸೈನಪ್ ಇಲ್ಲದೆ ಬಳಸುವಂತಿದ್ದರೆ ಒಳ್ಳೆಯದು. ಗೆಳೆಯರಿಗೆ ಹೇಳಿ ವೋಟ್ ಹಾಕಿಸುವಂತಿಲ್ಲ, ಹಾಕಿಸಿದರೆ ಸಾಫ್ಟ್‌ವೇರೇ ಹಿಡಿಯುತ್ತದೆ. ಪ್ರಾಡಕ್ಟ್ ಹಂಟ್‌ಗೆ ಬರೆದ ಟ್ಯಾಗ್‌ಲೈನ್ ಇಲ್ಲಿ ಹಾಕಿದರೆ ಮುಖಕ್ಕೆ ಹೊಡೆದ ಹಾಗೆ ಉತ್ತರ ಬರುತ್ತದೆ. ಏನು ಮಾಡುತ್ತದೆ ಅಂತ ಒಂದು ಸಪ್ಪೆ ವಾಕ್ಯ ಬರೆಯಿರಿ, ಸಾಕು.

ಮೊದಲ ಸಲ ಹಾಕಿದ್ದು ಯಾರ ಕಣ್ಣಿಗೂ ಬೀಳದೆ ಮುಳುಗಿತು. ಗಮನ ಸಿಗದಿದ್ದರೆ ಸ್ವಲ್ಪ ಬಿಟ್ಟು ಮತ್ತೆ ಹಾಕಲು ಅಲ್ಲಿ ಅಡ್ಡಿಯಿಲ್ಲ. ಮತ್ತೆ ಹಾಕಿದ್ದು ಮೊದಲ ಪುಟಕ್ಕೆ ಹತ್ತಿತು. ಎರಡಕ್ಕೂ ಶೀರ್ಷಿಕೆ ಹೆಚ್ಚುಕಡಿಮೆ ಒಂದೇ. ಅದೃಷ್ಟದ ಪಾಲು ದೊಡ್ಡದು, ಅದನ್ನು ಒಪ್ಪಿಕೊಂಡೇ ಹೋಗಬೇಕು. ಯಾವ ಪೋಸ್ಟ್ ಮೇಲೆ ಬರಬೇಕು ಅನ್ನುವುದು ವೋಟುಗಳನ್ನು ಪೋಸ್ಟಿನ ವಯಸ್ಸಿನಿಂದ ಭಾಗಿಸುವ ಲೆಕ್ಕ, ವಯಸ್ಸಿನ ತೂಕ ಬೇಗ ಬೇಗ ಏರುತ್ತದೆ. ಹಾಗಾಗಿ ಮೊದಲ ಗಂಟೆಯಲ್ಲಿ ಬರುವ ನಾಲ್ಕಾರು ವೋಟಿಗೆ ಇರುವ ಬೆಲೆ ಸಂಜೆ ಬರುವ ರಾಶಿ ವೋಟಿಗೆ ಇಲ್ಲ.

ಇಲ್ಲಿಂದ ಬಂದವರು ನನ್ನ ಪರದೆ ಮುಂದೆ ಮಾಡಿದ್ದೇ ಬೇರೆ. ಸ್ಯಾಂಪಲ್ ಬಟನ್ ಕಡೆ ತಿರುಗಿಯೂ ನೋಡಲಿಲ್ಲ. ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು, ಹೊರಗೆ ಏನು ಹೋಗುತ್ತಿದೆ ಅಂತ ತೋರಿಸುವ ನೆಟ್‌ವರ್ಕ್ ಟ್ಯಾಬ್ ನೋಡಿದರು. ಫೈಲ್ ಸರ್ವರಿಗೆ ಹೋಗುವುದಿಲ್ಲ ಅಂತ ನಾನು ಬರೆದಿದ್ದೆನಲ್ಲ, ಅದು ನಿಜವೋ ಸುಳ್ಳೋ ನೋಡಬೇಕಿತ್ತು. ಒಬ್ಬರಂತೂ ಪುಟ ತೆರೆದು, ವೈಫೈ ಆಫ್ ಮಾಡಿ, ಆಮೇಲೆ ಫೈಲ್ ಹಾಕಿದರು. ಆಗಲೂ ಕೆಲಸ ಮಾಡಿತು ಅಂತ ಒಂದೇ ಸಾಲು ಬರೆದರು. ನಾನು ಬರೆದ ಯಾವ ಜಾಹೀರಾತೂ ಆ ಒಂದು ಸಾಲಿಗೆ ಸಮ ಬರಲಿಲ್ಲ. ಇನ್ನೊಬ್ಬರು ಸೆಮಿಕೋಲನ್ ಇರುವ ಫೈಲ್ ಹಾಕಿ ಟೂಲನ್ನು ಮಲಗಿಸಿದರು. ದಶಮಾಂಶಕ್ಕೆ ಅಲ್ಪವಿರಾಮ ಬಳಸುವ ದೇಶಗಳಲ್ಲಿ ಎಕ್ಸೆಲ್ ಸಿಎಸ್‌ವಿಯನ್ನು ಸೆಮಿಕೋಲನ್ ಹಾಕಿ ಉಳಿಸುತ್ತದೆ. ಅದೇ ದಿನ ಸರಿ ಮಾಡಿ ಅಲ್ಲೇ ಉತ್ತರ ಕೊಟ್ಟೆ. ಅಲ್ಲಿಂದ ಮಾತಿನ ಧಾಟಿಯೇ ಬದಲಾಯಿತು.

ಕಾಮೆಂಟುಗಳು ಒರಟಾಗಿರುತ್ತವೆ, ಅದು ನಿಜ. 2007ರಲ್ಲಿ ಡ್ರೂ ಹೂಸ್ಟನ್ ತಾವು ಕಟ್ಟಿದ, ಫೈಲುಗಳನ್ನು ಆನ್‌ಲೈನಿನಲ್ಲಿ ಇಡುವ ಡ್ರಾಪ್‌ಬಾಕ್ಸನ್ನು ಅಲ್ಲಿ ತೋರಿಸಿದಾಗ, ಲಿನಕ್ಸ್ ಬಳಸುವವರು ಇದನ್ನು ಒಂದು ಎಫ್‌ಟಿಪಿ (ಫೈಲ್ ಕಳಿಸುವ ಹಳೆಯ ವಿಧಾನ) ಅಕೌಂಟ್ ಇಟ್ಟುಕೊಂಡು ತಾವೇ ಮಾಡಿಕೊಳ್ಳಬಹುದಲ್ಲ ಅಂತ ಒಬ್ಬರು ಬರೆದಿದ್ದರು. ನನಗೂ ‘ಇದು ಒಂದು ಸಾಲಿನ ಆಕ್ ಸ್ಕ್ರಿಪ್ಟು’ ಅನ್ನುವ ಮಾತು ಸಿಕ್ಕಿತು. ಆಕ್ ಅಂದರೆ ಪಠ್ಯದ ಫೈಲುಗಳನ್ನು ಸೋಸುವ ಸಣ್ಣ ಪ್ರೋಗ್ರಾಮಿಂಗ್ ಭಾಷೆ. ಅದನ್ನು ಬರೆಯಲು ಬರುವವರು ನನ್ನ ಗಿರಾಕಿಗಳೇ ಅಲ್ಲ, ಬಿಡಿ.

ಒಂದು ಎಚ್ಚರಿಕೆ. ಹ್ಯಾಕರ್ ನ್ಯೂಸ್ ಓದುಗರಲ್ಲಿ ಜಾಹೀರಾತು ತಡೆಯುವ ಆಡ್‌ಬ್ಲಾಕರ್ ಹಾಕಿಕೊಂಡವರು ಜಾಸ್ತಿ. ಬಂದವರನ್ನು ಎಣಿಸುವ ಅನಲಿಟಿಕ್ಸ್ ಸ್ಕ್ರಿಪ್ಟಿಗೆ ಅವರು ಕಾಣುವುದೇ ಇಲ್ಲ. ನನ್ನ ಡ್ಯಾಶ್‌ಬೋರ್ಡ್ ಪ್ರಕಾರ ಪ್ರಾಡಕ್ಟ್ ಹಂಟ್, ಹ್ಯಾಕರ್ ನ್ಯೂಸ್ ಎರಡೂ ಲಾಂಚ್ ಹತ್ತಿರ ಹತ್ತಿರ ಇದ್ದವು. ಸರ್ವರೇ ಬರೆದಿಡುವ ದಾಖಲೆ, ಅಂದರೆ ಸರ್ವರ್ ಲಾಗ್, ತೆಗೆದು ನೋಡಿದರೆ ಹ್ಯಾಕರ್ ನ್ಯೂಸ್ ಎಷ್ಟೋ ಮುಂದೆ. ಹೋಲಿಕೆ ಮಾಡುವವರು ಲಾಗ್ ನೋಡಿಯೇ ಮಾಡಿ.

ರೆಡ್ಡಿಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಸೈಡ್‌ಪ್ರಾಜೆಕ್ಟ್’ ಸಬ್‌ರೆಡ್ಡಿಟ್ (ಒಂದು ವಿಷಯಕ್ಕೆ ಮೀಸಲಾದ ಗುಂಪು) ಸುಲಭ, ಯಾರು ಬೇಕಾದರೂ ಹಾಕಬಹುದು. ಅಲ್ಲೂ ಮೇಕರ್‌ಗಳೇ ಮೇಕರ್‌ಗಳನ್ನು ನೋಡುವುದು, ಪ್ರಾಡಕ್ಟ್ ಹಂಟ್‌ನದೇ ಕತೆ. ಸ್ಪ್ರೆಡ್‌ಶೀಟ್ ಸಮಸ್ಯೆ ಕೇಳುವ ಸಬ್‌ರೆಡ್ಡಿಟ್‌ಗಳಲ್ಲಿ ನಿಜವಾದ ಗಿರಾಕಿ ಇದ್ದಾನೆ, ಆದರೆ ಅಲ್ಲಿ ಸ್ವಂತ ಸರಕು ಹೊತ್ತುಕೊಂಡು ಹೋದರೆ ಮಾಡರೇಟರ್ ತೆಗೆದುಹಾಕುತ್ತಾರೆ. ಒಬ್ಬರ ಪ್ರಶ್ನೆಗೆ ಟೂಲ್ ಇಲ್ಲದೆಯೂ ಸರಿಮಾಡುವ ದಾರಿ ಪೂರ್ತಿ ಬರೆದು, ಕೊನೆಗೆ ‘ಇದಕ್ಕೆ ನಾನೇ ಒಂದು ಟೂಲ್ ಮಾಡಿದ್ದೇನೆ’ ಅಂದಾಗ ಮಾತ್ರ ಉಳಿಯಿತು. ಲಿಂಕುಗಳೆಲ್ಲ ನೋಫಾಲೋ, ಅಂದರೆ ಇದನ್ನು ಶಿಫಾರಸು ಅಂತ ಎಣಿಸಬೇಡ ಅಂತ ಗೂಗಲ್‌ಗೆ ಹೇಳುವ ಗುರುತು ಇರುವವು. ಆದರೂ ಇತ್ತೀಚೆಗೆ ಗೂಗಲ್ ಹುಡುಕಾಟದಲ್ಲಿ ರೆಡ್ಡಿಟ್ ಥ್ರೆಡ್‌ಗಳು ತುಂಬ ಮೇಲೆ ಬರುತ್ತವೆ. ಆ ಉತ್ತರದಿಂದ ಈಗಲೂ ಒಬ್ಬಿಬ್ಬರು ಬರುತ್ತಲೇ ಇದ್ದಾರೆ.

ಎಲ್ಲಕ್ಕಿಂತ ಅಚ್ಚರಿ ತಂದದ್ದು ಆಲ್ಟರ್ನೇಟಿವ್‌ಟು. 2009ರಿಂದ ಇರುವ ಸೈಟು. ಲಾಂಚ್ ದಿನ ಅನ್ನುವ ಗಲಾಟೆಯೇ ಇಲ್ಲ. ‘ಇಂಥ ಸಾಫ್ಟ್‌ವೇರಿಗೆ ಬದಲಿ ಯಾವುದು’ ಅಂತ ಹುಡುಕುವವರಿಗೆ ಬಳಕೆದಾರರೇ ಸೇರಿಸಿದ ಪಟ್ಟಿ. ಫಾರ್ಮ್ ತುಂಬಿ, ನನ್ನ ಟೂಲ್ ಯಾವ ಯಾವುದಕ್ಕೆ ಬದಲಿ ಅಂತ ಗುರುತು ಹಾಕಿ, ಮರೆತುಬಿಟ್ಟೆ. ಮೊದಲ ವಾರ ಏನೂ ಇಲ್ಲ. ಆಮೇಲೆ ನಿಧಾನಕ್ಕೆ ಜನ ಬರತೊಡಗಿದರು. ಬಂದವರು ಸ್ಯಾಂಪಲ್ ನೋಡಲಿಲ್ಲ, ನೆಟ್‌ವರ್ಕ್ ಟ್ಯಾಬೂ ನೋಡಲಿಲ್ಲ. ನೇರವಾಗಿ ತಮ್ಮ ಫೈಲ್ ಹಾಕಿದರು. ದುಡ್ಡು ಕೊಟ್ಟವರ ಪಾಲು ಇಲ್ಲಿಂದಲೇ ಜಾಸ್ತಿ. ಪ್ರಾಡಕ್ಟ್ ಹಂಟ್ ಗ್ರಾಫ್ ಒಂದು ಚೂಪು ಗೋಪುರ, ಎರಡು ದಿನದಲ್ಲಿ ನೆಲ ಕಚ್ಚಿತು. ಇದರ ಗೆರೆ ತಗ್ಗಾದರೂ ನಿಲ್ಲಲಿಲ್ಲ.

ಇನ್ನು ಬ್ಯಾಕ್‌ಲಿಂಕ್ ವ್ಯಾಪಾರಕ್ಕೆ ಬರೋಣ. ದಿನಕ್ಕೊಂದು ಹೊಸ ಲಾಂಚ್ ಸೈಟು, ಹೊಸ ಡೈರೆಕ್ಟರಿ ಹುಟ್ಟುತ್ತಿದೆ. ಎಲ್ಲರದೂ ಒಂದೇ ಆಮಿಷ: ‘ನಮ್ಮ ಡಿಆರ್ ಇಷ್ಟು, ಡೂಫಾಲೋ ಲಿಂಕ್ ಕೊಡುತ್ತೇವೆ.’ ಡೂಫಾಲೋ ಅಂದರೆ ನೋಫಾಲೋ ಗುರುತು ಇಲ್ಲದ ಲಿಂಕು. ಡಿಆರ್ (ಡೊಮೈನ್ ರೇಟಿಂಗ್) ಅನ್ನುವುದು ಸೈಟಿನ ಲಿಂಕುಗಳ ಬಲಕ್ಕೆ ಏಹ್ರೆಫ್ಸ್ ಕಂಪನಿ ತಾನೇ ಲೆಕ್ಕ ಹಾಕುವ ಅಂಕಿ, ಅಂಥದ್ದೇ ಡಿಎ (ಡೊಮೈನ್ ಅಥಾರಿಟಿ) ಮಾಜ್ ಕಂಪನಿಯದು. ಎರಡೂ ಗೂಗಲ್‌ನದಲ್ಲ. ನೋಫಾಲೋ ಗುರುತನ್ನು ಗೂಗಲ್ ತಂದದ್ದು 2005ರಲ್ಲಿ, ಕಾಮೆಂಟುಗಳಲ್ಲಿ ತುಂಬುವ ಸ್ಪ್ಯಾಮ್ ತಡೆಯಲು. 2019ರಲ್ಲಿ ‘ಸ್ಪಾನ್ಸರ್ಡ್’ (ದುಡ್ಡು ಕೊಟ್ಟ ಲಿಂಕ್), ‘ಯುಜಿಸಿ’ (ಬಳಕೆದಾರರೇ ಹಾಕಿದ್ದು) ಅನ್ನುವ ಇನ್ನೆರಡು ಗುರುತು ಸೇರಿಸಿ, ಮೂರನ್ನೂ ಆಜ್ಞೆ ಅಂತಲ್ಲ, ಸುಳಿವು ಅಂತ ನೋಡುತ್ತೇವೆ ಅಂದಿತು. ಹಾಗಾಗಿ ಡೂಫಾಲೋ ಅಂದ ಮಾತ್ರಕ್ಕೆ ಕುಣಿಯಬೇಕಾಗಿಲ್ಲ, ನೋಫಾಲೋ ಅಂದ ಮಾತ್ರಕ್ಕೆ ಬಿಡಬೇಕಾಗಿಯೂ ಇಲ್ಲ.

ಈ ಸೈಟುಗಳು ಕೇಳುವುದು ಎರಡರಲ್ಲಿ ಒಂದು. ದುಡ್ಡು ಕೊಡಿ, ಅಥವಾ ನಮ್ಮ ಸೈಟಿಗೆ ಲಿಂಕ್ ಇರುವ ಬ್ಯಾಡ್ಜ್ ನಿಮ್ಮ ಹೋಮ್‌ಪೇಜಿನಲ್ಲಿ ಹಾಕಿ. ದುಡ್ಡು ಕೊಟ್ಟ ಲಿಂಕಿಗೆ ಗುರುತು ಹಾಕಬೇಕು ಅನ್ನುವುದು ಗೂಗಲ್ ನಿಯಮ. ಬ್ಯಾಡ್ಜ್ ಕೊಟ್ಟು ಲಿಂಕ್ ತೆಗೆದುಕೊಳ್ಳುವುದು ಲಿಂಕ್ ವಿನಿಮಯ. ಅತಿಯಾದ ವಿನಿಮಯವನ್ನೂ ಕಳಪೆ ಡೈರೆಕ್ಟರಿ ಲಿಂಕುಗಳನ್ನೂ ಗೂಗಲ್ ತನ್ನ ಸ್ಪ್ಯಾಮ್ ಪಟ್ಟಿಯಲ್ಲೇ ಹೆಸರಿಸಿದೆ. ಗೂಗಲ್‌ನ 2012ರ ಪೆಂಗ್ವಿನ್ ಅಪ್‌ಡೇಟ್ ಕಾಲದಲ್ಲಿ ಇಂಥದ್ದಕ್ಕೆ ಸೈಟುಗಳೇ ಕೆಳಕ್ಕೆ ಬೀಳುತ್ತಿದ್ದವು. ಈಗ ಹೆಚ್ಚಾಗಿ ಆ ಲಿಂಕನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ನಾನು ಪಟ್ಟಿಯಾದ ಒಂದು ಡೈರೆಕ್ಟರಿ ಪುಟವನ್ನು ತೆರೆದು ನೋಡಿದೆ. ನನ್ನ ಲಿಂಕಿನ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಒತ್ತಿದರೆ ಡೂಫಾಲೋ ಹೌದು, ಮಾತಿಗೆ ತಪ್ಪಿಲ್ಲ. ಹಾಗೇ ಕೆಳಗೆ ಉರುಳಿಸಿದೆ. ಫೂಟರಿನಲ್ಲಿ ಸಣ್ಣ ಬೂದು ಅಕ್ಷರದಲ್ಲಿ ಆನ್‌ಲೈನ್ ಕ್ಯಾಸಿನೊ, ಸಾಲದ ಆ್ಯಪ್, ತೂಕ ಇಳಿಸುವ ಮಾತ್ರೆ. ಅವರಿಗೂ ಡೂಫಾಲೋ. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು, ಸಬ್ಮಿಟ್ ಮಾಡುವ ಮೊದಲೇ ಮಾಡಿ. ಇನ್ನೂ ಒಂದು: ಸೈಟಿನ ಹೆಸರು ಹಾಕಿ ಗೂಗಲ್‌ನಲ್ಲಿ ಹುಡುಕಿ, ಅದರ ಒಳಪುಟಗಳು ಇಂಡೆಕ್ಸ್ ಆಗಿವೆಯೇ ನೋಡಿ. ಗೂಗಲ್ ಓದದ ಪುಟದಲ್ಲಿ ಯಾವ ಫಾಲೋ ಇದ್ದರೇನು?

ಹಾಗಾದರೆ ನಿಜವಾದ ಲಿಂಕ್ ಎಲ್ಲಿಂದ ಬಂತು? ಸೈಟು ನಡೆಸುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನ ಲಿಂಕ್ ಪಟ್ಟಿ ತೆಗೆದರೆ ಮೇಲ್ನೋಟಕ್ಕೆ ಹ್ಯಾಕರ್ ನ್ಯೂಸ್ ಪೋಸ್ಟುಗಳನ್ನು ನಕಲು ಹೊಡೆಯುವ ಸೈಟುಗಳೇ ತುಂಬಿವೆ, ಅವುಗಳಿಂದ ಉಪಯೋಗವಿಲ್ಲ. ಅವುಗಳ ನಡುವೆ ಕೆಲವು ಸ್ವಂತ ಬರಹಗಳು ಇದ್ದವು: ಒಂದು ಡೇಟಾ ಪಾಠ, ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದ ಪುಟ, ಒಬ್ಬ ಎಂಜಿನಿಯರರ ಟಿಪ್ಪಣಿ. ಯಾರೂ ನನ್ನ ಹೋಮ್‌ಪೇಜಿಗೆ ಲಿಂಕ್ ಕೊಟ್ಟಿರಲಿಲ್ಲ. ಎಲ್ಲರೂ ಕೊಟ್ಟದ್ದು, ಸ್ಪ್ರೆಡ್‌ಶೀಟುಗಳು ತಾರೀಖನ್ನು ಹೇಗೆ ಕೆಡಿಸುತ್ತವೆ ಅಂತ ನಾನು ವಿವರಿಸಿದ್ದ ಪುಟಕ್ಕೆ. ‘ಮಾರ್ಚ್1’ ಅನ್ನುವ ಜೀನ್ ಹೆಸರನ್ನು ಎಕ್ಸೆಲ್ ಮಾರ್ಚ್ ಒಂದನೇ ತಾರೀಖು ಮಾಡಿಬಿಡುತ್ತಿತ್ತು. ಕೊನೆಗೆ 2020ರಲ್ಲಿ, ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿ ಇಂಥ ಹೆಸರುಗಳನ್ನೇ ಬದಲಿಸಿತು, ‘ಮಾರ್ಚ್1’ ಹೋಗಿ ‘ಮಾರ್ಚ್‌ಎಫ್1’ ಆಯಿತು. ಆ ಪುಟದ ಕೊಂಡಿಯನ್ನು ಹ್ಯಾಕರ್ ನ್ಯೂಸ್ ಚರ್ಚೆಯಲ್ಲಿ ಯಾರದೋ ಪ್ರಶ್ನೆಗೆ ಉತ್ತರವಾಗಿ ಹಾಕಿದ್ದೆ, ಅಷ್ಟೇ. ಲಾಂಚಿನ ಚಿತ್ರ, ಟ್ಯಾಗ್‌ಲೈನ್, ವಿಡಿಯೋಗೆ ಹಾಕಿದ ಹೊತ್ತಿಗೆ ಹೋಲಿಸಿದರೆ ಆ ಪುಟ ಬರೆಯಲು ಹಿಡಿದ ಹೊತ್ತು ಏನೇನೂ ಅಲ್ಲ. ಮುಂದಿನ ಟೂಲಿಗೆ ಇಂಥ ಪುಟವನ್ನೇ ಮೊದಲು ಬರೆದು, ಅದನ್ನು ಮಾಮೂಲಿ ಪೋಸ್ಟಾಗಿ ಹಾಕಿ, ಶೋ ಎಚ್‌ಎನ್ ಆಮೇಲೆ ಮಾಡುವವನಿದ್ದೇನೆ.