ಚೀಲವೋ ಆ್ಯಪೋ: ಒಟ್ಟಿಗೆ ಉಂಡು ತಿರುಗಿದ ಖರ್ಚನ್ನು ಹಂಚಿಕೊಳ್ಳುವ ಬಗೆ

ಒಂದು ವರ್ಷದ ಚಂದಾ ಪೂರ್ತಿ ಕಟ್ಟಿ ಪಡೆದ ಲೆಕ್ಕದ ಆ್ಯಪನ್ನು ಎಂಟನೇ ತಿಂಗಳಿಗೇ ಬದಿಗಿಟ್ಟು, ಹಿಂದೊಮ್ಮೆ ಸೂಜಿದಾರ ಇಡಲು ಬಳಸುತ್ತಿದ್ದ ಜಿಪ್ ಇರುವ ಬಟ್ಟೆಯ ಚೀಲವೊಂದಕ್ಕೆ ಮರಳಿದವಳು ನಾನು. ಹೀಗಾಗಿ ಮುಂದೆ ಬರುವ ಹೋಲಿಕೆಯಲ್ಲಿ ನನ್ನ ಒಲವು ಯಾವ ಕಡೆಗಿದೆ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಣ್ಣನ ಮನೆಯವರು, ಅಕ್ಕನ ಮನೆಯವರು, ಓದುವ ಕಾಲದಿಂದ ಜೊತೆಗಿರುವ ಗೆಳತಿ, ಅವಳ ಗಂಡ ಮತ್ತು ನಾನು ಸೇರಿ ವರ್ಷಕ್ಕೆ ಎರಡು ಮೂರು ಬಾರಿ ಎರಡು ಮೂರು ದಿನಗಳ ಪ್ರವಾಸಕ್ಕೆ ಹೋಗುತ್ತೇವೆ. ಅದರ ನಡುವೆ ಹುಟ್ಟುಹಬ್ಬಗಳು, ಯಾರದೋ ಬಡ್ತಿಯ ಸಂತೋಷಕ್ಕೆ ಹೊರಗಿನ ಊಟಗಳು ಇದ್ದೇ ಇರುತ್ತವೆ. ಖರ್ಚು ಮಾಡುವುದಕ್ಕೆ ನಮ್ಮಲ್ಲಿ ಯಾರೂ ಹಿಂಜರಿಯುವವರಲ್ಲ. ತೊಡಕು ಹುಟ್ಟುವುದು ಮನೆಗೆ ಮರಳಿದ ಮೇಲೆ, ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬ ಮಾತು ಬಂದಾಗ.

ಸರದಿಯ ಪದ್ಧತಿಯ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. "ಈ ಸಲ ನನ್ನದು, ಮುಂದಿನ ಸಲ ನಿನ್ನದು" ಎಂಬ ಒಪ್ಪಂದದ ಮೇಲೆ ನಾನೂ ಗೆಳತಿಯೂ ಹತ್ತಾರು ವರ್ಷ ಕಳೆದಿದ್ದೇವೆ, ಇಂದಿಗೂ ನಾವಿಬ್ಬರೇ ಭೇಟಿಯಾದಾಗ ಅದೇ ನಡೆಯುತ್ತದೆ. ಒಂದು ದಿನ ಅವಳ ಪಾಲಿಗೆ ದೊಡ್ಡ ಬಿಲ್ ಬಂದರೆ ಇನ್ನೊಂದು ದಿನ ನನ್ನ ಪಾಲಿಗೆ ಬರುತ್ತದೆ. ಅದೇ ಇಬ್ಬರು ಮತ್ತೆ ಮತ್ತೆ ಕೂಡುವುದರಿಂದ ಏರುಪೇರು ತಾನಾಗಿ ಸಮವಾಗುತ್ತದೆ. ಆದರೆ ಪ್ರತಿ ಸಲ ಬೇರೆ ಬೇರೆ ಮಂದಿ ಸೇರುವ ಗುಂಪಿನಲ್ಲಿ, ಕಳೆದ ಬಾರಿ ಕೊಟ್ಟವರು ಈ ಬಾರಿ ಬಂದಿರುವುದಿಲ್ಲ, ಬಂದವರಿಗೆ ಕಳೆದ ಬಾರಿಯದು ನೆನಪಿರುವುದಿಲ್ಲ. ಬಿಲ್ ಬರುವ ಹೊತ್ತಿಗೆ ಸರಿಯಾಗಿ ಕೈ ತೊಳೆಯಲು ಏಳುವ ಮಹನೀಯರು ಪ್ರತಿ ಬಳಗದಲ್ಲೂ ಒಬ್ಬರಿರುತ್ತಾರೆ. ನಮ್ಮವರು ಯಾರೆಂದು ಇಲ್ಲಿ ಬರೆಯುವುದಿಲ್ಲ.

ಮೇಜಿನಲ್ಲೇ ಬಿಲ್ಲನ್ನು ತಲೆಗಿಷ್ಟೆಂದು ಭಾಗಿಸುವುದು ಎರಡನೆಯ ಬಗೆ. ಇದರಲ್ಲಿ ಲೆಕ್ಕ ಸುಲಭ, ನ್ಯಾಯ ಕಷ್ಟ. ಆರಾರು ಮಂದಿಯ ಗುಂಪುಗಳನ್ನು ಉಪಾಹಾರ ಗೃಹವೊಂದರಲ್ಲಿ ಕೂರಿಸಿ ಮೂವರು ಸಂಶೋಧಕರು ನಡೆಸಿದ ಪ್ರಯೋಗವೊಂದು 2004ರಲ್ಲಿ 'ದಿ ಎಕನಾಮಿಕ್ ಜರ್ನಲ್' ಪತ್ರಿಕೆಯಲ್ಲಿ ಪ್ರಕಟವಾಯಿತು. ತಮ್ಮ ತಮ್ಮ ಬಿಲ್ಲನ್ನು ತಾವೇ ಕೊಡಬೇಕಾಗಿದ್ದವರಿಗಿಂತ, ಸಮನಾಗಿ ಹಂಚಿಕೊಳ್ಳಬೇಕಾಗಿದ್ದವರು ಸರಾಸರಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮೊತ್ತದ ತಿನಿಸನ್ನು ಅಧಿಕವಾಗಿ ತರಿಸಿಕೊಂಡಿದ್ದರು. ಕಾರಣ ತಿಳಿಯುವುದಕ್ಕೆ ಅರ್ಥಶಾಸ್ತ್ರ ಬೇಕಿಲ್ಲ: ಆರು ಜನರ ನಡುವೆ ನಾನು ಇನ್ನೊಂದು ತಟ್ಟೆ ಹೇಳಿದರೆ ಅದರ ಆರನೇ ಒಂದು ಭಾಗವಷ್ಟೇ ನನ್ನ ಮೇಲೆ ಬೀಳುತ್ತದೆ. ನಮ್ಮಲ್ಲಿ ಇದರ ಪೆಟ್ಟು ಬೀಳುತ್ತಿದ್ದದ್ದು ಆಗಾಗ ಜೊತೆಗೆ ಬರುವ ಚಿಕ್ಕಮ್ಮನ ಮೇಲೆ. ಅರ್ಧ ತಟ್ಟೆಗೇ ಕೈ ತೊಳೆಯುವ ಅವರು ಪೂರ್ತಿ ಪಾಲು ಕೊಟ್ಟು ಏಳುತ್ತಿದ್ದರು, ಒಂದು ದಿನವೂ ಏನೂ ಅನ್ನಲಿಲ್ಲ, ಕ್ರಮೇಣ ಬರುವುದನ್ನೇ ಕಡಿಮೆ ಮಾಡಿದರು. ಅವರು ಬಾರದಿರುವುದಕ್ಕೆ ಇದೂ ಒಂದು ಕಾರಣವೆಂದು ಅಕ್ಕ ಹೇಳಿದ ದಿನವೇ ನಾನು ಆ್ಯಪ್ ಹುಡುಕಲು ಕುಳಿತದ್ದು.

ಆ್ಯಪಿನ ಉಚಿತ ಆವೃತ್ತಿ ದಿನಕ್ಕೆ ಕೆಲವೇ ನಮೂದುಗಳನ್ನು ಒಪ್ಪುತ್ತಿತ್ತು. ಪ್ರವಾಸದ ದಿನವೆಂದರೆ ಬೆಳಗಿನ ಇಂಧನದಿಂದ ರಾತ್ರಿಯ ಊಟದವರೆಗೆ ಹತ್ತು ಹನ್ನೆರಡು ಖರ್ಚು. ಮಧ್ಯಾಹ್ನಕ್ಕೇ ಅದು ಬಾಗಿಲು ಹಾಕಿಕೊಂಡು ಜಾಹೀರಾತು ತೋರಿಸತೊಡಗಿತು. ರಸ್ತೆ ಬದಿಯಲ್ಲಿ ವಾಹನ ನಿಲ್ಲಿಸಿಕೊಂಡಿದ್ದಾಗಲೇ, ಹೆಚ್ಚು ಯೋಚಿಸದೆ, ವರ್ಷದ ಚಂದಾ ಕಟ್ಟಿದೆ. ಅದರ ಒಳ್ಳೆಯ ಗುಣಗಳು ನಿಜವಾಗಿಯೂ ಒಳ್ಳೆಯವು. ರಸೀದಿಯ ಚಿತ್ರ ಸೇರಿಸಬಹುದು, ಪಾಲನ್ನು ಸಮನಾಗಿಯಲ್ಲದೆ ಬೇಕಾದಂತೆ ಒಡೆಯಬಹುದು, 100ನ್ನು ಮೂವರಿಗೆ ಹಂಚಿ ತಲಾ 33.33 ಮಾಡಿದಾಗ ಉಳಿಯುವ 0.01 ಯಾರ ತಲೆಗೆ ಎಂಬುದನ್ನೂ ಅದೇ ನೋಡಿಕೊಳ್ಳುತ್ತದೆ. ಕೂಡಿಸುವುದರಲ್ಲಿ ಅದು ಒಮ್ಮೆಯೂ ತಪ್ಪಲಿಲ್ಲ.

ಕೆಟ್ಟದ್ದು 'ಸಾಲ ಸರಳೀಕರಣ' ಎಂಬ ಅನುಕೂಲದಿಂದ. ಮಕ್ಕಳಿಬ್ಬರನ್ನು ಬಿಟ್ಟರೆ ನಾವು ಏಳು ಮಂದಿ. ಏಳು ಮಂದಿಯಲ್ಲಿ ಇಬ್ಬಿಬ್ಬರ ಜೋಡಿಗಳು 21 ಆಗುತ್ತವೆ, ಅಂದರೆ ಪ್ರತಿ ಜೋಡಿಯ ನಡುವೆ ಒಂದೊಂದು ಬಾಕಿ ಉಳಿದರೆ 21 ಪಾವತಿಗಳು ನಡೆಯಬೇಕು. ಆದರೆ ಯಾರು ಯಾರಿಗೆ ಕೊಡಬೇಕು ಎಂಬುದನ್ನು ಮರೆತು, ಪ್ರತಿಯೊಬ್ಬರೂ ಒಟ್ಟಾರೆ ಎಷ್ಟು ಕೊಡಬೇಕು ಅಥವಾ ಪಡೆಯಬೇಕು ಎಂಬುದನ್ನಷ್ಟೇ ನೋಡಿದರೆ, ಎಂಥ ಗೋಜಲಿನ ಲೆಕ್ಕವನ್ನೂ ಆರು ಪಾವತಿಗಳೊಳಗೆ ತೀರಿಸಬಹುದು. ಎಷ್ಟೇ ಮಂದಿಯಿದ್ದರೂ ಆ ಸಂಖ್ಯೆಗಿಂತ ಒಂದು ಕಡಿಮೆ ಪಾವತಿ ಸಾಕು. ಗಣಿತವಾಗಿ ಇದು ಚೆಂದ. ಊಟದ ಮೇಜಿನ ಸುತ್ತ ಕೂತವರ ನಡುವೆ ಇದು ಏನು ಮಾಡುತ್ತದೆ ಎಂಬುದು ನನಗೆ ಗೊತ್ತಾದದ್ದು ಆ ಪ್ರವಾಸ ಮುಗಿದ ಮರುದಿನ ರಾತ್ರಿ ಅತ್ತಿಗೆಯ ಕರೆ ಬಂದಾಗ.

"ನಾನು ನಿನ್ನ ಗೆಳತಿಯ ಗಂಡನ ಹತ್ತಿರ ಯಾವಾಗ ದುಡ್ಡು ತಗೊಂಡೆ?" ಎಂಬುದು ಅತ್ತಿಗೆಯ ಮೊದಲ ಮಾತು. ಅವರ ಮೊಬೈಲಿಗೆ, ಹೆಸರು ಮೊತ್ತಗಳ ಸಮೇತ, ಇಂಥವರಿಗೆ ಇಷ್ಟು ಬಾಕಿ ಎಂಬ ಸೂಚನೆ ಹೋಗಿತ್ತು. ಮೊತ್ತವೇನೂ ದೊಡ್ಡದಲ್ಲ, ಒಂದು ಹೊತ್ತಿನ ಊಟದ ಬೆಲೆಯಷ್ಟು. ಆದರೆ ಮೂರು ದಿನದಲ್ಲಿ ನಾಲ್ಕು ಮಾತು ಆಡಿರಬಹುದಾದ ಒಬ್ಬರಿಗೆ ತಾನು ಸಾಲಗಾರಳಾಗಿರುವುದು ಅತ್ತಿಗೆಗೆ ಹಿಡಿಸಲಿಲ್ಲ. ನಡೆದದ್ದು ಇಷ್ಟೇ: ವಾಹನದ ಬಾಡಿಗೆಯನ್ನು ನಾನು ಕೊಟ್ಟಿದ್ದರಿಂದ ಅತ್ತಿಗೆ ನನಗೆ ಕೊಡಬೇಕಿತ್ತು, ವಸತಿಯ ಹಣವನ್ನು ಗೆಳತಿಯ ಗಂಡ ಕಟ್ಟಿದ್ದರಿಂದ ನಾನು ಅವರಿಗೆ ಕೊಡಬೇಕಿತ್ತು, ಆ್ಯಪ್ ನಡುವಿನ ನನ್ನನ್ನು ಅಳಿಸಿ ಇಬ್ಬರನ್ನೂ ನೇರವಾಗಿ ಗಂಟು ಹಾಕಿತ್ತು.

ಭಾನುವಾರ ಅತ್ತಿಗೆ ಮನೆಗೆ ಬಂದಾಗ ಮೇಜಿನ ಮೇಲೆ ಮೂರು ಲೋಟಗಳನ್ನಿಟ್ಟು, ಒಂದು ಅತ್ತಿಗೆಯದು, ಒಂದು ನನ್ನದು, ಒಂದು ಅವರದು ಎಂದು ಹೇಳಿ, ಅತ್ತಿಗೆಯ ಲೋಟದಲ್ಲಿದ್ದ ಚಮಚವನ್ನು ನನ್ನ ಲೋಟಕ್ಕೂ ಅಲ್ಲಿಂದ ಮೂರನೆಯದಕ್ಕೂ ಹಾಕಿ ತೋರಿಸಿದೆ. ಅತ್ತಿಗೆ ಎಲ್ಲವನ್ನೂ ಸಾವಧಾನವಾಗಿ ನೋಡಿದರು. ಆಮೇಲೆ ಚಮಚವನ್ನು ಮೂರನೆಯ ಲೋಟದಿಂದ ಎತ್ತಿ ನನ್ನ ಲೋಟಕ್ಕೆ ಹಾಕಿ, "ನಾನು ಇಲ್ಲಿಗೆ ಕೊಡ್ತೀನಿ, ಮುಂದಿನದು ನೀನೇ ನೋಡ್ಕೋ" ಎಂದು ಹೇಳಿ ನಗದನ್ನು ಕೈಗಿಟ್ಟರು.

ನಾನು ಆ ಹಣವನ್ನು ಆ್ಯಪಿನಲ್ಲಿ ನಮೂದಿಸಿದೆ. ನಮೂದಿಸಿದ ಕ್ಷಣಕ್ಕೆ ಅತ್ತಿಗೆಯ ಬಾಕಿ ತೀರಿ, ಅಷ್ಟೇ ಮೊತ್ತ ನನ್ನ ಹೆಸರಿಗೆ ಏರಿ, ಲೆಕ್ಕ ಮತ್ತೆ ಕಲಸಿಕೊಂಡು, ಅದುವರೆಗೆ ನನಗೆ ಕೊಡಬೇಕಿದ್ದ ಅಣ್ಣನಿಗೆ ಈಗ ಇನ್ಯಾರಿಗೋ ಕೊಡುವಂತೆ ಹೊಸ ಸೂಚನೆ ಹೋಯಿತು. ಅಣ್ಣ ಅಷ್ಟರಲ್ಲಾಗಲೇ ನನಗೆ ಹಣ ಕಳುಹಿಸಿಯಾಗಿತ್ತು. ಸರಳೀಕರಣವನ್ನು ನಿಲ್ಲಿಸಿ ನೋಡಿದೆ. ಆರು ಸಾಲುಗಳಿದ್ದಲ್ಲಿ ಹದಿಮೂರು ಸಾಲುಗಳಾದವು, ಜೊತೆಗೆ ಗುಂಪಿನ ವ್ಯವಸ್ಥೆಯನ್ನು ನಾನು ಬದಲಿಸಿದೆನೆಂಬ ಸುದ್ದಿಯೂ ಎಲ್ಲರಿಗೂ ತಲುಪಿತು. ಐದು ದಿನ ಬಿಟ್ಟು ಭಾವನಿಗೆ ಅಂಗಿಯ ಜೇಬಿನಲ್ಲಿ ಇಂಧನದ ರಸೀದಿಯೊಂದು ಸಿಕ್ಕಿತು. ಅವರು ಅದನ್ನು ಬಹಳ ಪ್ರಾಮಾಣಿಕವಾಗಿ ಸೇರಿಸಿದರು, ಮತ್ತು ತೀರಿತೆಂದುಕೊಂಡಿದ್ದ ಏಳು ಲೆಕ್ಕಗಳೂ ಮತ್ತೆ ಬಾಯಿ ತೆರೆದವು.

ಆ್ಯಪ್ ತಪ್ಪು ಮಾಡಿತೆಂದು ನಾನು ಹೇಳುತ್ತಿಲ್ಲ. ಪ್ರತಿ ಖರ್ಚನ್ನೂ ಅದು ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಸಾಲವೆಂದು ಬರೆದುಕೊಳ್ಳುತ್ತದೆ, ಬೇರೆ ರೀತಿಯಲ್ಲಿ ಬರೆದುಕೊಳ್ಳಲು ಅದಕ್ಕೆ ಬರುವುದಿಲ್ಲ. ನಮ್ಮ ಬಳಗಕ್ಕೆ ಬೇಕಾಗಿದ್ದದ್ದು ಯಾರ ಹೆಸರೂ ಅಂಟಿಕೊಳ್ಳದ ಹಣ.

ಚೀಲದಲ್ಲಿರುವುದು ಅಂಥ ಹಣ. ಹೊರಡುವ ವಾರಕ್ಕೆ ಮೊದಲೇ ವಾಹನ, ಊಟ, ಪ್ರವೇಶ ಶುಲ್ಕಗಳನ್ನು ಅಂದಾಜು ಮಾಡಿ, ಅದರ ಮೇಲೆ ಹತ್ತನೇ ಒಂದು ಭಾಗವನ್ನು ಸೇರಿಸಿ, ದೊಡ್ಡವರಿಗೆ ಒಂದು ಪಾಲು, ಮಕ್ಕಳಿಗೆ ಅರ್ಧ ಪಾಲಿನಂತೆ ಎಲ್ಲರಿಂದ ಮುಂಗಡವಾಗಿ ಪಡೆಯುತ್ತೇನೆ. ಕೋಣೆಯ ಬಾಡಿಗೆ ಮಾತ್ರ ಇದರೊಳಗೆ ಬರುವುದಿಲ್ಲ, ಅದನ್ನು ಆಯಾ ಕೋಣೆಯವರೇ ಕೊಡುತ್ತಾರೆ. ಚೀಲದಲ್ಲಿ ಅಂಗೈಯಗಲದ ಪುಸ್ತಕವೊಂದಿದೆ, ಅದರ ಬೆನ್ನಿಗೆ ದಾರ ಕಟ್ಟಿದ ಪೆನ್ಸಿಲ್ ಇದೆ. ದಾರ ಕಟ್ಟಿದ್ದು ಎರಡನೆಯ ಪೆನ್ಸಿಲ್ ಕಳೆದ ಮೇಲೆ. ಯಾರೇ ಏನೇ ಕೊಂಡರೂ ಹಣ ಹೋಗುವುದು ಚೀಲದಿಂದ, ರಸೀದಿ ಬರುವುದು ಚೀಲಕ್ಕೆ.

ತಡವಾಗಿ ಬಂದವರ ಲೆಕ್ಕವೂ ಕಷ್ಟವಲ್ಲ. ಕಳೆದ ಬಾರಿ ಏಳು ದೊಡ್ಡವರು, ಇಬ್ಬರು ಮಕ್ಕಳು ಸೇರಿ ಎಂಟು ಪಾಲಾಗಿ, ಮೂರು ದಿನಕ್ಕೆ 24 ದಿನ-ಪಾಲುಗಳಾಗುತ್ತಿದ್ದವು. ಭಾವನೂ ಅವರ ಮಗನೂ ಒಂದು ದಿನ ತಡವಾಗಿ ಬಂದು ಸೇರಿದ್ದರಿಂದ ಒಂದೂವರೆ ಕಳೆದು 22.5 ಆಯಿತು. ಆದ ಖರ್ಚನ್ನು ಅದರಿಂದ ಭಾಗಿಸಿ, ಪ್ರತಿ ಮನೆಗೆ ಎಷ್ಟು ಮರಳಬೇಕೆಂದು ಹಿಂತಿರುಗುವ ದಾರಿಯಲ್ಲೇ, ವಾಹನದ ಹಿಂದಿನ ಸೀಟಿನಲ್ಲಿ ಕೂತು ಬರೆದು ಮುಗಿಸಿದೆ. ಇಳಿಯುವ ಮೊದಲೇ ಉಳಿದ ಹಣ ಅವರವರ ಕೈ ಸೇರಿತು. ಮನೆಗೆ ಹೋದ ಮೇಲೆ ಹಣ ಕೇಳುವ ಸೂಚನೆ ಬರುವುದಕ್ಕೂ, ಬಾಗಿಲಲ್ಲಿ ಇಳಿಯುವಾಗ ನಾಲ್ಕು ಕಾಸು ಕೈಗೆ ಮರಳುವುದಕ್ಕೂ ಇರುವ ವ್ಯತ್ಯಾಸವನ್ನು ಅತ್ತಿಗೆಯ ಮುಖದಲ್ಲಿ ಕಂಡೆ.

ಚೀಲಕ್ಕೂ ದೋಷಗಳಿವೆ. ಅದನ್ನು ಹಿಡಿದವರಿಗೆ ಪ್ರವಾಸ ಪೂರ್ತಿ ಪ್ರವಾಸವಾಗಿರುವುದಿಲ್ಲ. ಎಲ್ಲರೂ ನೀರಿಗಿಳಿದಾಗ ದಡದಲ್ಲಿ ಕುಳಿತವಳು ನಾನೇ. ನನ್ನ ಸ್ವಂತ ಹಣ ಚೀಲದೊಂದಿಗೆ ಬೆರೆತು ಒಮ್ಮೆ ಕೈಯಿಂದ ಕಳೆದುಕೊಂಡದ್ದೂ ಆಗಿದೆ, ಅಲ್ಲಿಂದ ಎರಡನ್ನೂ ಬೇರೆ ಬೇರೆ ಹೆಗಲಿಗೆ ಹಾಕುತ್ತೇನೆ. ನಗದು ಒಪ್ಪದ ಕಡೆಗಳಿಗಾಗಿ ಸ್ವಲ್ಪ ಹಣವನ್ನು ಬೇರೆಯೇ ಖಾತೆಯಲ್ಲಿಡಬೇಕಾಗುತ್ತದೆ. ಅಂದಾಜು ತಪ್ಪಿ ನಡುದಾರಿಯಲ್ಲಿ ಎರಡನೇ ಬಾರಿ ಕೈ ಚಾಚುವುದು ಎಲ್ಲಕ್ಕಿಂತ ಮುಜುಗರದ ಕೆಲಸ, ಹತ್ತನೇ ಒಂದು ಭಾಗ ಹೆಚ್ಚಿಗೆ ಪಡೆಯುವುದು ಅದಕ್ಕಾಗಿಯೇ.

ಆದರೆ ಆ್ಯಪಿಗೆ ಎಂದೂ ಸಾಧ್ಯವಾಗದ ಒಂದು ಸಂಗತಿ ಚೀಲದಲ್ಲಿದೆ. ಅಪ್ಪ ಅಮ್ಮನ ಮದುವೆಯ ನಲವತ್ತನೇ ವರ್ಷದ ಊಟವನ್ನು ನಾವು ಮಕ್ಕಳು ಸೇರಿ ಏರ್ಪಡಿಸಿದಾಗ, ಆ ತಿಂಗಳು ಒಬ್ಬರ ಕೈ ಬಿಗಿಯಾಗಿತ್ತು. ಆ್ಯಪಿನಲ್ಲಾಗಿದ್ದರೆ ಯಾರ ಪಾಲು ಎಷ್ಟು ಕಡಿಮೆ ಎಂಬುದು ಗುಂಪಿನ ಎಲ್ಲರಿಗೂ ಕಾಣುತ್ತಿತ್ತು. ಚೀಲ ಕೈಯಿಂದ ಕೈಗೆ ಹೋಯಿತು, ಪ್ರತಿಯೊಬ್ಬರೂ ಆದಷ್ಟು ಹಾಕಿದರು, ನಾನು ಒಟ್ಟು ಮೊತ್ತವನ್ನಷ್ಟೇ ಬರೆದುಕೊಂಡೆ. ಎಣಿಸಿದಾಗ ಬೇಕಾದದ್ದಕ್ಕಿಂತ ಹೆಚ್ಚೇ ಇತ್ತು. ಕೈ ಬಿಗಿಯಾಗಿದ್ದದ್ದನ್ನು ಅರಿತ ಇನ್ಯಾರೋ ತುಂಬಿದ್ದರು. ಯಾರೆಂದು ಇಂದಿಗೂ ನನಗೆ ತಿಳಿಯದು.

ಒಂದೇ ಮನೆಯಲ್ಲಿ ಬಾಡಿಗೆ ಹಂಚಿಕೊಂಡು ತಿಂಗಳುಗಟ್ಟಲೆ ಒಟ್ಟಿಗಿರುವವರಿಗೆ ಆ್ಯಪೇ ಸರಿ, ಅಲ್ಲಿ ಚೀಲ ನಡೆಯುವುದಿಲ್ಲ. ನನ್ನ ಸಂಗತಿ ಬೇರೆ. ತಿಂಗಳಿಗೆ ಇಷ್ಟೇ ಎಂದು ಬರುವ ಸಂಬಳದಲ್ಲಿ ಬದುಕುವವಳಾದ್ದರಿಂದ, ಹೊರಡುವ ಮೊದಲೇ ಇದಕ್ಕಿಂತ ಹೆಚ್ಚು ಖರ್ಚಾಗದು ಎಂಬ ಗಡಿ ಗೊತ್ತಿರುವುದು ನನಗೆ ಮುಖ್ಯ, ಊಟದ ನಡುವೆ ಮೊಬೈಲ್ ತೆಗೆದು ನಮೂದು ಮಾಡುವ ಅಭ್ಯಾಸ ನನಗೆ ಎಂಟು ತಿಂಗಳಾದರೂ ಬರಲಿಲ್ಲ. ಚಂದಾ ತಾನಾಗಿ ನವೀಕರಣಗೊಳ್ಳದಂತೆ ನಿಲ್ಲಿಸಿದ್ದೇನೆ. ಉಳಿದ ನಾಲ್ಕು ತಿಂಗಳು ಅದರಲ್ಲಿ ಭಾವ ತಮ್ಮ ವಾಹನದ ಇಂಧನದ ಲೆಕ್ಕ ಬರೆಯುತ್ತಾರಂತೆ. ಚಿಕ್ಕಮ್ಮ ಮುಂದಿನ ಪ್ರವಾಸಕ್ಕೆ ಬರುವುದಾಗಿ ಹೇಳಿದ್ದಾರೆ. ಅವರಿಗೆ ಅರ್ಧ ಪಾಲೆಂದು ಪುಸ್ತಕದಲ್ಲಿ ಈಗಾಗಲೇ ಬರೆದಿಟ್ಟಿದ್ದೇನೆ.