ಅಪರೂಪದ ಗ್ರಾಮಫೋನ್ ತಟ್ಟೆ ಎಲ್ಲಿ ಕೊಳ್ಳಬೇಕು? ಚಿಕ್ಕಪೇಟೆ, ಆನ್‌ಲೈನ್, ಅಂಗಡಿ, ಹಳೇ ಮನೆಯ ಅಟ್ಟ

ಬೆಂಗಳೂರಲ್ಲಿದ್ದುಕೊಂಡು ಹಳೆಯ, ಬೆಲೆಬಾಳುವ ರೆಕಾರ್ಡುಗಳನ್ನು ಹುಡುಕುವವರಿಗೆ ನಾಲ್ಕು ದಾರಿಗಳಿವೆ. ಭಾನುವಾರದ ಚಿಕ್ಕಪೇಟೆ ಬಜಾರು, ಆನ್‌ಲೈನ್ ಮಾರುಕಟ್ಟೆ, ರೆಕಾರ್ಡು ಅಂಗಡಿ, ಮತ್ತು ತಟ್ಟೆ ಇಟ್ಟುಕೊಂಡಿರುವ ಮನೆಗಳ ಬಾಗಿಲನ್ನೇ ತಟ್ಟುವುದು. ನಾಲ್ಕರಲ್ಲೂ ವರ್ಷಗಟ್ಟಲೆ ಕೊಂಡಿದ್ದೇನೆ, ಈಗಲೂ ಕೊಳ್ಳುತ್ತೇನೆ. ಕನ್ನಡದ್ದು, ಹಿಂದೂಸ್ತಾನಿ, ಕರ್ನಾಟಕ ಸಂಗೀತದ್ದು ಬೇಕೆಂದರೆ ನನ್ನ ಓಟು ಹಳೇ ಮನೆಗಳಿಗೆ, ಆಮೇಲೆ ಚಿಕ್ಕಪೇಟೆಗೆ. ವಿದೇಶಿ ಜಾಝ್, ರಾಕ್ ಬೇಕೆನ್ನುವವರಿಗೆ ಈ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ.

ಅಪರೂಪದ ತಟ್ಟೆ ಎಂದಾಕ್ಷಣ ಎಲ್ಲರೂ ಬೆಲೆ ಕೇಳುತ್ತಾರೆ. ನಾನು ಮೊದಲು ಕೇಳುವುದು ಗೆರೆ, ಅಂದರೆ ತಟ್ಟೆಯ ಮೇಲೆ ಹಾಡು ಅಚ್ಚಾಗಿರುವ ಸಣ್ಣ ಕಾಲುವೆ, ಹೇಗಿದೆ ಅಂತ. ಗೆರೆ ಸವೆದ ಮೇಲೆ ಎಷ್ಟೇ ಅಪರೂಪದ ತಟ್ಟೆಯಾದರೂ ಅದರಲ್ಲಿ ಹಾಡು ಉಳಿದಿರುವುದಿಲ್ಲ, ಲೇಬಲ್ಲು ಉಳಿದಿರುತ್ತದೆ ಅಷ್ಟೆ. ಹಾಗಾಗಿ ಈ ಹೋಲಿಕೆಯಲ್ಲಿ ನನ್ನ ಅಳತೆಗೋಲು ಒಂದೇ: ದುಡ್ಡು ಕೊಡುವ ಮುಂಚೆ ತಟ್ಟೆಯನ್ನು ಕಣ್ಣಾರೆ ನೋಡಲು, ಸಾಧ್ಯವಾದರೆ ಕಿವಿಯಾರೆ ಕೇಳಲು ಯಾವ ದಾರಿ ಬಿಡುತ್ತದೆ?

ಚಿಕ್ಕಪೇಟೆಯಲ್ಲಿ ನೋಡುವುದಕ್ಕೆ ಅಡ್ಡಿಯಿಲ್ಲ. ಭಾನುವಾರ ಬೆಳಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ ಟಾರ್ಪಾಲು ಹಾಸಿ ಕೂರುವವರ ಮುಂದೆ ವಾಚು, ಸ್ಪ್ಯಾನರು, ಕೆಟ್ಟ ಟ್ರಾನ್ಸಿಸ್ಟರುಗಳ ನಡುವೆ ಒಮ್ಮೊಮ್ಮೆ ತಟ್ಟೆಗಳ ಗುಡ್ಡೆ ಇರುತ್ತದೆ. ಮೆಟ್ರೋ ಚಿಕ್ಕಪೇಟೆಯವರೆಗೇ ಹೋಗುತ್ತದೆ, ಆದ್ದರಿಂದ ಗಾಡಿ ನಿಲ್ಲಿಸುವ ತಲೆನೋವಿಲ್ಲ. ಹೊತ್ತೇರುವ ಮೊದಲೇ ಹೋಗಬೇಕು. ಒಂದು, ಗುಜರಿ ವ್ಯಾಪಾರಿಗಳೇ ಮೊದಲು ಬಂದು ಒಳ್ಳೆಯದನ್ನು ಎತ್ತಿಕೊಂಡಿರುತ್ತಾರೆ. ಎರಡು, ಎಲ್‌ಪಿ, ಇಪಿ ತಟ್ಟೆಗಳನ್ನು ಮಾಡುವ ವಿನೈಲ್ ಅಂದರೆ ಪಿವಿಸಿ ಪ್ಲಾಸ್ಟಿಕ್, ಬಿಸಿಲಿಗೆ ಬಿದ್ದ ತಟ್ಟೆ ಮಧ್ಯಾಹ್ನದೊಳಗೆ ಬಾಗುತ್ತದೆ.

ಅಲ್ಲಿನ ಬಿಸಿಲು ತಟ್ಟೆಗೆ ಕೆಟ್ಟದ್ದು, ಪರೀಕ್ಷೆಗೆ ಮಾತ್ರ ಬಹಳ ಒಳ್ಳೆಯದು. ತಟ್ಟೆಯನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿ ನಿಧಾನಕ್ಕೆ ತಿರುಗಿಸಿ. ಮಿಂಚಿ ಮಾಯವಾಗುವ ಕೂದಲೆಳೆಯಂಥ ಗೀರುಗಳಿಗೆ ಹೆದರಬೇಕಿಲ್ಲ. ಬೆರಳ ತುದಿಗೆ ತಾಕುವ ಗೀರು ಹಾಡಿನ ಮಧ್ಯೆ ಟಕ್ ಟಕ್ ಎನ್ನುತ್ತದೆ. ಧೂಳು, ಬಿಳಿ ಬೂಷ್ಟು ಬಹುಪಾಲು ತೊಳೆದರೆ ಹೋಗುತ್ತವೆ. ಆದರೆ ಗೆರೆಗಳಿಗೆ ಕಪ್ಪು ಹೊಳಪು ಹೋಗಿ ಬೂದುಬಣ್ಣ ಬಂದಿದೆಯೆಂದರೆ, ಗೆರೆಯಲ್ಲಿ ಓಡುವ ಭಾರದ ಮುಳ್ಳಿನ ಹಳೆಯ ಪ್ಲೇಯರ್ ಅದರ ಗೋಡೆಯನ್ನು ಉಜ್ಜಿ ತೆಗೆದಿದೆ ಅಂತ ಅರ್ಥ, ಅದನ್ನು ಯಾವ ನೀರೂ ಸರಿಮಾಡದು. ನಡುವಿನ ತೂತಿನ ಸುತ್ತ ಲೇಬಲ್ಲಿನ ಮೇಲೆ ಜೇಡನ ಕಾಲಿನಂಥ ಗೆರೆಗಳಿದ್ದರೆ ಅದನ್ನು ಕತ್ತಲಲ್ಲೋ ಆತುರದಲ್ಲೋ ನೂರಾರು ಸಲ ಪ್ಲೇಯರಿಗೆ ಏರಿಸಿದ್ದಾರೆ. ಕವರಿನಿಂದ ತಟ್ಟೆಯನ್ನು ಹೊರಗೆಳೆಯದೆ ಚೌಕಾಸಿಗೆ ಇಳಿಯಲೇಬೇಡಿ, ಹೊರಗೆ ರಾಜ್‌ಕುಮಾರ್ ಇದ್ದು ಒಳಗೆ ಯಾವುದೋ ಇಂಗ್ಲಿಷ್ ನರ್ಸರಿ ಹಾಡು ಇರುವುದು ಅಲ್ಲಿ ಮಾಮೂಲು.

1970ರ ದಶಕದ ಕನ್ನಡ ಸಿನಿಮಾಗಳ ಇಪಿಗಳಿಗೆ, ಅಂದರೆ 45 ಆರ್‌ಪಿಎಂನ (ನಿಮಿಷಕ್ಕೆ 45 ಸುತ್ತಿನ) ಏಳಿಂಚಿನ ಚಿಕ್ಕ ತಟ್ಟೆಗಳಿಗೆ, ಈ ಬಜಾರಿನಷ್ಟು ಒಳ್ಳೆಯ ಜಾಗ ನನಗೆ ಕಂಡಿಲ್ಲ. ಅವುಗಳಲ್ಲಿ ಚೊಕ್ಕ ಪ್ರತಿ ಸಿಗುವುದು ಕಷ್ಟ, ಏಕೆಂದರೆ ಅವು ಮದುವೆ ಮನೆಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ದುಡಿದ ತಟ್ಟೆಗಳು. ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರರ ಹಾಡುಗಳಿರುವ, ಹೊಳಪು ಉಳಿದಿರುವ ಇಪಿ ಕಂಡರೆ ಐವತ್ತು ರೂಪಾಯಿಗೆ ಜಗ್ಗಾಡುತ್ತಾ ನಿಲ್ಲಬಾರದು. ಈ ಬಜಾರಿನ ದೊಡ್ಡ ಕೊರತೆಯೆಂದರೆ ಕೇಳಿ ನೋಡಲು ಆಗುವುದಿಲ್ಲ, ಮುಂದಿನ ವಾರ ಹಿಂದಿರುಗಿಸಲೂ ಆಗುವುದಿಲ್ಲ.

ಆನ್‌ಲೈನ್‌ನಲ್ಲಿ ಡಿಸ್ಕಾಗ್ಸ್ ಎಂಬ ವೆಬ್‌ಸೈಟನ್ನು ನಾನು ದಿನವೂ ಬಳಸುತ್ತೇನೆ, ಅಂಗಡಿಯಾಗಿ ಕಡಿಮೆ, ನಿಘಂಟಾಗಿ ಹೆಚ್ಚು. 2000ದಲ್ಲಿ ಶುರುವಾದ ಈ ದತ್ತಾಂಶ ಕೋಶದಲ್ಲಿ ಒಂದೇ ಆಲ್ಬಮ್ಮಿನ ಹತ್ತಾರು ಮುದ್ರಣಗಳು ಬೇರೆಬೇರೆಯಾಗಿ ದಾಖಲಾಗಿರುತ್ತವೆ. ಹಾಡು ಮುಗಿದ ಮೇಲೆ ಲೇಬಲ್ಲಿನವರೆಗೆ ಉಳಿಯುವ ಖಾಲಿ ಪಟ್ಟಿಯಲ್ಲಿ ಕೆತ್ತಿರುವ ಮ್ಯಾಟ್ರಿಕ್ಸ್ ಸಂಖ್ಯೆಯನ್ನು ಅಲ್ಲಿನ ಪಟ್ಟಿಗೆ ಹೋಲಿಸಿದರೆ ನಿಮ್ಮ ಕೈಯಲ್ಲಿರುವುದು ಮೊದಲ ಮುದ್ರಣವೋ ಆಮೇಲಿನದೋ ಗೊತ್ತಾಗುತ್ತದೆ. ಹಿಂದೆ ಎಷ್ಟಕ್ಕೆ ಮಾರಾಟವಾಗಿದೆ ಎಂಬುದೂ ಕಾಣುತ್ತದೆ. ವಿದೇಶಿ ಜಾಝ್‌ಗೆ, ಅದರಲ್ಲೂ ಜಪಾನಿನ ಮುದ್ರಣಗಳಿಗೆ, ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅಂಚೆವೆಚ್ಚ, ಕಸ್ಟಮ್ಸ್ ಸುಂಕ ಸೇರಿ ಬೆಲೆ ಎರಡರಷ್ಟಾಗಬಹುದು, ಅದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಭಾರತೀಯ ತಟ್ಟೆಗಳ ವಿಷಯಕ್ಕೆ ಬಂದರೆ ಆನ್‌ಲೈನ್ ಖರೀದಿ ನನಗೆ ಒಗ್ಗಿಲ್ಲ. ಮಿಂಟ್, ನಿಯರ್ ಮಿಂಟ್, ವಿಜಿ ಪ್ಲಸ್ ಎಂಬ, ತಟ್ಟೆಯ ಸ್ಥಿತಿ ಹೇಳುವ ಗೋಲ್ಡ್‌ಮೈನ್ ಶ್ರೇಣಿಗಳನ್ನು ಬಹಳಷ್ಟು ಮಾರಾಟಗಾರರು ಕಣ್ಣಂದಾಜಿನಲ್ಲೇ ಬರೆಯುತ್ತಾರೆ, ತಟ್ಟೆಯನ್ನು ನುಡಿಸಿ ನೋಡಿರುವುದಿಲ್ಲ. ಬೂದುಬಣ್ಣದ ಸವೆತವಂತೂ ಫೋಟೋದಲ್ಲಿ ಕಾಣುವುದೇ ಇಲ್ಲ. ವಿಜಿ ಪ್ಲಸ್ ಎಂದು ಒಬ್ಬರು ಕಳಿಸಿದ ಸಿತಾರ್ ಎಲ್‌ಪಿಯಲ್ಲಿ, ಅಂದರೆ ಹೆಚ್ಚು ಹೊತ್ತು ನುಡಿಯುವ ದೊಡ್ಡ ತಟ್ಟೆಯಲ್ಲಿ, ಆಲಾಪದ ಉದ್ದಕ್ಕೂ ಎಣ್ಣೆಯಲ್ಲಿ ಏನೋ ಹುರಿಯುವ ಸದ್ದು. ಎಲ್‌ಪಿಗಿಂತ ಹಳೆಯ ಕಾಲದ 78 ಆರ್‌ಪಿಎಂ ತಟ್ಟೆಯನ್ನಂತೂ ಪಾರ್ಸಲ್ಲಿನಲ್ಲಿ ತರಿಸಲೇಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅದು ವಿನೈಲ್ ಅಲ್ಲ, ಅರಗಿನಿಂದ ಮಾಡಿದ ಶೆಲ್ಯಾಕ್, ಬಿದ್ದರೆ ಚೂರುಚೂರು.

ಅಂಗಡಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೊಳೆದಿರುತ್ತಾರೆ, ಕೆಲವರು ಕೇಳಿಸುತ್ತಾರೆ, ಆ ಶ್ರಮಕ್ಕೆ ಹೆಚ್ಚು ಬೆಲೆ ಕೇಳುವುದು ನ್ಯಾಯವೇ. ಹೊಸದಾಗಿ ಅಚ್ಚಾದ 180 ಗ್ರಾಂ ಮರುಮುದ್ರಣಗಳು ಕೇಳುವ ಸುಖಕ್ಕೆ ಚೆನ್ನ. ಆದರೆ ನನಗೆ ಬೇಕಾದ ಹಳೆಯ ಕನ್ನಡ ತಟ್ಟೆಗಳು ಅಲ್ಲಿನ ಕಪಾಟುಗಳಲ್ಲಿ ಸಿಕ್ಕಿದ್ದು ಅಪರೂಪ.

ಇನ್ನು ಮನೆಗಳು. ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಯಲ್ಲಿ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವ ಮುಂಚೆ ಅಟ್ಟ ಖಾಲಿ ಮಾಡುತ್ತಾರಲ್ಲ, ಆಗ ಅಜ್ಜನ ಟ್ರಂಕು ಕೆಳಗಿಳಿಯುತ್ತದೆ. ಪರಿಚಯಸ್ಥರಿಗೆಲ್ಲ ಹೇಳಿಟ್ಟಿರಬೇಕು, ಪೇಪರ್ ಕೊಳ್ಳುವವರಿಗೂ ನಂಬರ್ ಕೊಟ್ಟಿರಬೇಕು. ಇದು ನಿಧಾನದ ದಾರಿ, ತಿಂಗಳುಗಟ್ಟಲೆ ಏನೂ ಬರುವುದಿಲ್ಲ. ಆದರೆ ಬಂದಾಗ ಒಬ್ಬರೇ ಕೂಡಿಸಿದ, ಒಂದೇ ಪ್ಲೇಯರಿನಲ್ಲಿ ಕೇಳಿದ ಸಂಗ್ರಹ ಬರುತ್ತದೆ. ಮೊದಲ ಕೆಲವು ತಟ್ಟೆ ನೋಡಿದರೆ ಉಳಿದವುಗಳ ಆರೋಗ್ಯವನ್ನೂ ಊಹಿಸಬಹುದು. ಕೂತು ಕಾಫಿ ಕುಡಿಯುತ್ತ ಕೇಳಲೂಬಹುದು, ನಾನು ಚಿಕ್ಕ ಪ್ಲೇಯರನ್ನು ಜೊತೆಗೇ ಒಯ್ಯುತ್ತೇನೆ.

ಬಸವನಗುಡಿಯ ಅಂಥ ಒಂದು ಟ್ರಂಕಿನಲ್ಲಿ ಸಿಕ್ಕಿದ್ದು ಎಚ್‌ಎಂವಿ ಕಂಪನಿಯ ಹತ್ತಿಂಚಿನ 78, ಲೇಬಲ್ಲಿನಲ್ಲಿ ಗಾಂಧಾರಿ ಎಂಬ ಹೆಸರು. ಗಂಗೂಬಾಯಿ ಹಾನಗಲ್ಲರ 1930ರ ದಶಕದ ತಟ್ಟೆಗಳನ್ನು ಕಂಪನಿ ಆ ಹೆಸರಲ್ಲೇ ಹೊರತಂದಿತ್ತು. ಕಾಗದದ ಕವರು ಪುಡಿಯಾಗಿತ್ತು, ತಟ್ಟೆಯ ಅಂಚಿನಲ್ಲಿ ಚಿಕ್ಕ ಚಕ್ಕೆ ಎದ್ದಿತ್ತು, ಆದರೆ ಅದು ಗೆರೆಗಳವರೆಗೆ ಬಂದಿರಲಿಲ್ಲ. 78ರ ಅಗಲದ ಮುಳ್ಳು ಹಾಕಿ ಇಟ್ಟಾಗ ಕೇಳಿದ್ದು ನಮಗೆಲ್ಲ ಗೊತ್ತಿರುವ ಆ ಗಂಭೀರ ಗಂಡು ಕಂಠವಲ್ಲ. ಎಳೆಯ, ತೆಳ್ಳನೆಯ, ಮೇಲಿನ ಸ್ಥಾಯಿಯಲ್ಲಿ ಸಲೀಸಾಗಿ ಓಡಾಡುವ ಹೆಣ್ಣು ದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ಬದಲಾಯಿತು, ಎಲ್‌ಪಿಗಳ ಕಾಲದಲ್ಲಿ ನಾವು ಕೇಳಿದ್ದೆಲ್ಲ ಆ ನಂತರದ ಕಂಠ. ಮೂರು ನಿಮಿಷದ ಆ ತಟ್ಟೆಗೆ ನಾನು ಬೆಲೆ ಕಟ್ಟುವುದು ಇದಕ್ಕಾಗಿ, ಹರಾಜಿನಲ್ಲಿ ಎಷ್ಟು ಬರುತ್ತದೆ ಅನ್ನುವುದಕ್ಕಲ್ಲ.

ಇಂಥದ್ದು ಸಿಕ್ಕಿದಾಗ ಎರಡು ಎಚ್ಚರಿಕೆ. ಶೆಲ್ಯಾಕ್ ತಟ್ಟೆಗೆ ಸ್ಪಿರಿಟ್, ಸ್ಯಾನಿಟೈಸರ್, ಆಲ್ಕೋಹಾಲ್ ಇರುವ ಯಾವ ದ್ರವವೂ ತಾಕಬಾರದು, ಅರಗು ಕರಗಿಹೋಗುತ್ತದೆ. ಡಿಸ್ಟಿಲ್ಡ್ ನೀರು, ಒಂದು ಹನಿ ಸೌಮ್ಯ ಸೋಪು, ಮೃದು ಬಟ್ಟೆ ಸಾಕು, ಲೇಬಲ್ಲು ಒದ್ದೆಯಾಗಬಾರದು. ಎಲ್‌ಪಿಯ ಸಣ್ಣ ಮುಳ್ಳಿನಲ್ಲಿ 78 ಹಾಕಬೇಡಿ, ಅದು ಅಗಲವಾದ ಗೆರೆಯ ತಳಕ್ಕೆ ಇಳಿದು ಬರೀ ಕೊರೆತದ ಸದ್ದನ್ನೇ ಎತ್ತುತ್ತದೆ.

ಕಂಟೋನ್ಮೆಂಟ್ ಕಡೆಯ ಮನೆಗಳನ್ನೂ ಮರೆಯಬೇಡಿ. ಫ್ರೇಜರ್ ಟೌನ್, ಕುಕ್ ಟೌನ್, ರಿಚರ್ಡ್ಸ್ ಟೌನಿನ ಹಳೆಯ ಮನೆಗಳಲ್ಲಿ ಇಂಗ್ಲಿಷ್ ತಟ್ಟೆಗಳೇ ಹೆಚ್ಚು. ಪಶ್ಚಿಮದಲ್ಲಿ 78 ನಿಂತುಹೋದ ಮೇಲೂ ನಮ್ಮ ದೇಶದಲ್ಲಿ ಅದು 1960ರ ದಶಕದಲ್ಲೂ ಅಚ್ಚಾಗುತ್ತಿತ್ತು. ಹಾಗಾಗಿ ಬೀಟಲ್ಸ್ ಹಾಡುಗಳು ಪಾರ್ಲೋಫೋನ್ ಲೇಬಲ್ಲಿನ 78ಗಳಾಗಿ ಇಲ್ಲಿ ಬಂದವು, ಅವನ್ನು ಇವತ್ತು ಜಗತ್ತಿನ ಸಂಗ್ರಹಕಾರರೆಲ್ಲ ಹುಡುಕುತ್ತಿದ್ದಾರೆ. ಅಂಥದ್ದು ಕಂಡರೆ ಮನೆಯವರಿಗೆ ಅದರ ನಿಜವಾದ ಬೆಲೆಯನ್ನು ಡಿಸ್ಕಾಗ್ಸ್‌ನಲ್ಲೇ ತೋರಿಸಿ, ಆಮೇಲೆ ಮಾತಿಗೆ ಕೂರಿ. ನಾನು ಹಾಗೆ ಬೆಲೆ ತೋರಿಸಿದ ಮನೆಯವರೇ ನನ್ನನ್ನು ತಮ್ಮ ನೆಂಟರ ಮನೆಗೂ ಕಳಿಸಿದ್ದಾರೆ, ಗಾಂಧಾರಿಯ ತಟ್ಟೆ ಬಂದದ್ದೂ ಆ ದಾರಿಯಲ್ಲೇ.